ಏಳು ಸಾವಿರ ರೂಪಾಯಿಯಲ್ಲಿ ಒಂದೇ ಗೇರಿನ ಗುಡ್ಡದ ಸೈಕಲ್ಲು

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಬೆಳಗಾವಿ):
ಸರ್, ನಮಸ್ಕಾರ. ಅಣ್ಣ ಬಳಸಿ ಬಿಟ್ಟ 26 ಇಂಚು ಚಕ್ರದ ಮೌಂಟೇನ್ ಬೈಕ್ ಒಂದು ನನ್ನ ಬಳಿ ಇದೆ. ಉಕ್ಕಿನ ಫ್ರೇಮು, ಮುಂದೆ ಷಾಕ್ ಅಬ್ಸಾರ್ಬರ್ ಇರುವ ಫೋರ್ಕು, 21 ಗೇರು, ರಿಮ್ಮನ್ನು ಹಿಡಿಯುವ ವಿ-ಬ್ರೇಕು. ತೂಗಿದಾಗ ಸುಮಾರು 17 ಕಿಲೋ ಬಂತು. ಗೇರು ಬದಲಿಸುವ ಭಾಗಗಳು ಹಾಳಾಗಿವೆ. ಅವನ್ನು ಹೊಸದಾಗಿ ಹಾಕಿಸುವ ಬದಲು ಒಂದೇ ಗೇರಿನ ಹಗುರವಾದ ಸೈಕಲ್ಲಾಗಿ ಮಾರ್ಪಡಿಸಿ ಯಳ್ಳೂರಿನ ರಾಜಹಂಸಗಡ, ವೈಜನಾಥ ಗುಡ್ಡದ ಕಡೆ ಓಡಿಸಬೇಕೆಂಬ ಆಸೆ ಇದೆ. ನನ್ನ ಕೈಯಲ್ಲಿ ಇರುವುದು 7,000 ರೂಪಾಯಿ. ತೂಕವನ್ನು 10 ಕಿಲೋಗೆ ಇಳಿಸಲು ಸಾಧ್ಯವೇ? ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು?

ಉತ್ತರ:
ನಿಮ್ಮ ಪ್ರಶ್ನೆಯಲ್ಲಿ ಬೇಕಾದ ವಿವರಗಳೆಲ್ಲ ಇರುವುದರಿಂದ ನೇರವಾಗಿ ಹೇಳುತ್ತೇನೆ. ಈ ಫ್ರೇಮು, ಈ ಹಣದಲ್ಲಿ 10 ಕಿಲೋ ಆಗುವುದಿಲ್ಲ. 13 ಕಿಲೋದ ಆಸುಪಾಸಿಗೆ ಖಂಡಿತ ತರಬಹುದು. ಅಗ್ಗದ ಉಕ್ಕಿನ ಫ್ರೇಮು ಒಂದೇ ಮೂರು ಕಿಲೋ ಹತ್ತಿರ ತೂಗುತ್ತದೆ, ಅದನ್ನು ನಾವು ಬದಲಿಸುತ್ತಿಲ್ಲ. ಆದರೆ ಇಳಿಯುವ ಆ ನಾಲ್ಕು ಕಿಲೋದಲ್ಲಿ ಅರ್ಧದಷ್ಟು ನಯಾಪೈಸೆ ಖರ್ಚಿಲ್ಲದೆ ಇಳಿಯುತ್ತದೆ ಎಂಬುದು ನಿಮ್ಮ ಯೋಜನೆಯ ದೊಡ್ಡ ಅನುಕೂಲ.

ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರು, ಮುಂದಿನ ಡಿರೇಲರು, ಹ್ಯಾಂಡಲ್ ಮೇಲಿನ ಎರಡು ಶಿಫ್ಟರು, ಅವುಗಳ ಕೇಬಲ್ಲು, ಪೆಡಲ್ ಬಳಿಯ ಮೂರು ಚೈನ್‌ವೀಲಿನಲ್ಲಿ ಎರಡು, ಇಷ್ಟನ್ನು ತೆಗೆದು, ಏಳು ಹಲ್ಲುಗಾಲಿಗಳ ಫ್ರೀವೀಲಿನ ಜಾಗದಲ್ಲಿ ಒಂಟಿ ಫ್ರೀವೀಲ್ ಕೂರಿಸಿದರೆ ಒಂದರಿಂದ ಒಂದೂವರೆ ಕಿಲೋ ಕಡಿಮೆಯಾಗುತ್ತದೆ. ಸ್ಟ್ಯಾಂಡು, ಮಡ್‌ಗಾರ್ಡು, ಕ್ಯಾರಿಯರು, ಚೈನಿನ ಪ್ಲಾಸ್ಟಿಕ್ ಕವಚ ಇದ್ದರೆ ಅವೂ ಹೋಗಲಿ. ಗಂಟೆಯನ್ನು ಮಾತ್ರ ಉಳಿಸಿಕೊಳ್ಳಿ, ಏಕೆಂದರೆ ಗುಡ್ಡದ ದಾರಿಯಲ್ಲಿ ದನ ಮೇಯಿಸುವವರು, ನಡೆದುಹೋಗುವವರು ಇರುತ್ತಾರೆ.

ಈಗ ಹಣದ ವಿಷಯ. ನಿಮ್ಮ ವಯಸ್ಸಿನ ಅನೇಕರು ಮೊದಲು ಮಿರುಗುವ ಪೆಡಲ್, ಬಣ್ಣದ ನಟ್ಟು, ಹಗುರವಾದ ಸೀಟ್‌ಪೋಸ್ಟ್ ಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಟೈರು, ಟ್ಯೂಬು, ಹಿಂದಿನ ಚಕ್ರದ ದುರಸ್ತಿ ಮತ್ತು ಬ್ರೇಕಿಗೆ ಹೋಗಬೇಕು. ನಿಂತ ಸೈಕಲ್ಲನ್ನು ವೇಗಕ್ಕೆ ತರುವಾಗ ಚಕ್ರದ ಅಂಚಿನಲ್ಲಿರುವ ತೂಕ ಸುಮಾರು ಎರಡರಷ್ಟು ತೂಕದಂತೆ ವರ್ತಿಸುತ್ತದೆ, ಏಕೆಂದರೆ ಅದನ್ನು ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು. ಒಂದೇ ವೇಗದಲ್ಲಿ ಏರು ಹತ್ತುವಾಗ ಈ ವ್ಯತ್ಯಾಸ ಇರುವುದಿಲ್ಲ, ಅಲ್ಲಿ ಎಲ್ಲ ತೂಕವೂ ಸಮ. ಆದರೆ ಒಂದೇ ಗೇರಿನಲ್ಲಿ ಕಲ್ಲಿನ ದಾರಿ ಹತ್ತುವವನು ಪ್ರತಿ ತಿರುವಿನಲ್ಲೂ ನಿಧಾನವಾಗಿ, ಎದ್ದು ನಿಂತು ತುಳಿದು, ಮತ್ತೆ ವೇಗ ಹಿಡಿಯುತ್ತಾನೆ. ಅವನಿಗೆ ಹಗುರ ಟೈರು ಪ್ರತಿ ಸಲವೂ ನೆರವಾಗುತ್ತದೆ. ಅಗ್ಗದ ಸೈಕಲ್ಲಿನ ಟೈರು ಒಂದೊಂದು ಒಂದು ಕಿಲೋ ಸಮೀಪ ಇರುವುದುಂಟು. 700 ಗ್ರಾಂ ಸುಮಾರಿನ, ತಂತಿ ಅಂಚಿನ ಸಾಧಾರಣ ಟೈರು ಸಿಕ್ಕರೂ ಸಾಕು, ದುಬಾರಿ ಮಡಿಸುವ ಟೈರು ಬೇಡ.

ಕೆಲಸ ಶುರು ಮಾಡುವ ಮೊದಲು ಹಿಂದಿನ ಚಕ್ರವನ್ನು ಬಿಚ್ಚಿ ನೋಡಿ. ಹಲ್ಲುಗಾಲಿಗಳ ಗುಂಪು ಹಬ್ಬಿಗೆ, ಅಂದರೆ ಚಕ್ರದ ನಟ್ಟನಡುವಿನ ಗುಂಬಕ್ಕೆ, ತಿರುಪಿನಂತೆ ಕೂತಿದೆಯೋ, ಉದ್ದ ಗೀರುಗಳಿರುವ ಹಬ್ಬಿನ ಮೇಲೆ ಜಾರಿಸಿ ಕೂರಿಸಿದ್ದಾರೋ ಗಮನಿಸಿ, ಹಾಗೆಯೇ ಆಕ್ಸೆಲ್ ಕೂರುವ ಸೀಳು ಎತ್ತ ತೆರೆದಿದೆ ಎಂಬುದನ್ನೂ ನೋಡಿ ಬರೆಯಿರಿ. ಮುಂದಿನ ದಾರಿ ಅದರ ಮೇಲೆ ನಿಂತಿದೆ.

ಪ್ರಶ್ನೆ (ಅದೇ ವಿದ್ಯಾರ್ಥಿ):
ನೋಡಿದೆ ಸರ್. ಹಬ್ಬಿಗೆ ತಿರುಪಿನಿಂದ ಕೂತಿದೆ. ಸೀಳು ಓರೆಯಾಗಿ ಮುಂದಕ್ಕೆ ತೆರೆದಿದೆ. ನಡುವಿನ ಚೈನ್‌ವೀಲಿಗೆ 34 ಹಲ್ಲು ಇವೆ. ಯಾವ ಫ್ರೀವೀಲ್ ತರಲಿ?

ಉತ್ತರ:
ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ತಿರುಪಿನ ಹಬ್ಬಿಗೆ ನಮ್ಮ ಸಾಮಾನ್ಯ ಕರಿ ಸೈಕಲ್ಲಿನ ಒಂಟಿ ಫ್ರೀವೀಲೇ ಕೂರುತ್ತದೆ, ಎರಡರ ತಿರುಪಿನ ಅಳತೆ ಒಂದೇ. ಕೆಲವು ನೂರು ರೂಪಾಯಿಯೊಳಗೆ ಯಾವ ಸೈಕಲ್ ಅಂಗಡಿಯಲ್ಲಾದರೂ 18 ಹಲ್ಲಿನದು ಸಿಗುತ್ತದೆ. 16 ಮತ್ತು 20 ಹಲ್ಲಿನದಕ್ಕೆ ಸ್ವಲ್ಪ ಹುಡುಕಬೇಕಾಗಬಹುದು.

ಯಾವುದು ಬೇಕೆಂಬುದನ್ನು ಲೆಕ್ಕ ಹಾಕಿಯೇ ನಿರ್ಧರಿಸಿ. 26 ಇಂಚಿನ ನಿಮ್ಮ ಚಕ್ರ ಒಂದು ಸುತ್ತಿಗೆ ಸುಮಾರು 2.07 ಮೀಟರು ಉರುಳುತ್ತದೆ. ಮುಂದೆ 34, ಹಿಂದೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತುಳಿದಾಗ 3.9 ಮೀಟರು ಸಾಗುತ್ತೀರಿ; ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಹೆಚ್ಚುಕಡಿಮೆ 19 ಕಿಲೋಮೀಟರ್ ವೇಗ. 20 ಹಲ್ಲು ಹಾಕಿದರೆ 3.5 ಮೀಟರು, 17 ಕಿಲೋಮೀಟರ್. 44 ಮತ್ತು 18 ಹಲ್ಲಿನ ಕರಿ ಸೈಕಲ್ಲು ಒಂದು ತುಳಿತಕ್ಕೆ 5 ಮೀಟರಿಗೂ ಹೆಚ್ಚು ಹೋಗುತ್ತದೆ, ಅದಕ್ಕೇ ಅದನ್ನು ಏರಿನಲ್ಲಿ ಇಳಿದು ತಳ್ಳುತ್ತೇವೆ. ರಾಜಹಂಸಗಡದ ಏರನ್ನು ಇಳಿಯದೆ ಹತ್ತಬೇಕೆಂದಿದ್ದರೆ 20ರಿಂದ ಆರಂಭಿಸಿ. ಕಾಲು ಬಲಿತ ಮೇಲೆ 18ಕ್ಕೆ ಬನ್ನಿ. ಭಾರದ ಗೇರಿನಿಂದ ಶುರು ಮಾಡಿ ಮೊಣಕಾಲು ನೋಯಿಸಿಕೊಂಡು ಸೈಕಲ್ಲನ್ನೇ ಮೂಲೆಗೆ ಇಟ್ಟವರನ್ನು ನಾನು ಅಂಗಡಿಯಲ್ಲಿ ಕಂಡಿದ್ದೇನೆ, ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಹಳೆಯ ಫ್ರೀವೀಲ್ ತೆಗೆಯಲು ಅದರ ಒಳಗಿನ ಕಚ್ಚುಗಳಿಗೆ ಸರಿಹೊಂದುವ ರಿಮೂವರ್ ಬೇಕು. ಪ್ರತಿ ತುಳಿತವೂ ಅದನ್ನು ಬಿಗಿಮಾಡುತ್ತಲೇ ಬಂದಿರುವುದರಿಂದ ಕೈ ಪಾನಾದಿಂದ ಅದು ಜಗ್ಗುವುದಿಲ್ಲ. ರಿಮೂವರನ್ನು ಮೇಜಿನ ವೈಸಿನಲ್ಲಿ ಕಚ್ಚಿಸಿ, ಚಕ್ರವನ್ನೇ ಎರಡೂ ಕೈಯಿಂದ ಹಿಡಿದು ಗಡಿಯಾರದ ಎದುರು ದಿಕ್ಕಿಗೆ ತಿರುಗಿಸಿ. ಸ್ಪೋಕು ಬಿಚ್ಚುವ ಯೋಚನೆ ಇದ್ದರೂ ಇದು ಮೊದಲು ಆಗಲಿ. ರಿಮ್ಮು ಕಳಚಿದ ಮೇಲೆ ಹಿಡಿಯಲು ಏನೂ ಉಳಿಯುವುದಿಲ್ಲ.

ಮುಂದಿನ ಹೆಜ್ಜೆಯಲ್ಲಿ ಅವಸರ ಬೇಡ. ಒಂಟಿ ಫ್ರೀವೀಲ್ ಹಬ್ಬಿನ ಒಳಬದಿಗೆ ಕೂರುತ್ತದೆ, ನಡುವಿನ ಚೈನ್‌ವೀಲ್ ಅದಕ್ಕಿಂತ ಹೊರಗಿರಬಹುದು, ಆಗ ಚೈನು ಓರೆಯಾಗಿ ಓಡಿ ಕಳಚಿ ಬೀಳುತ್ತದೆ. ನೇರವಾದ ಒಂದು ಉದ್ದ ಪಟ್ಟಿಯನ್ನು ಚೈನ್‌ವೀಲಿಗೆ ಒತ್ತಿ ಹಿಡಿದು ಹಿಂದಿನ ಹಲ್ಲಿನವರೆಗೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಆಕ್ಸೆಲ್ಲಿನ ಬಲಗಡೆಯ ವಾಷರು, ಸ್ಪೇಸರುಗಳಲ್ಲಿ ಕೆಲವನ್ನು ಎಡಗಡೆಗೆ ದಾಟಿಸಿದರೆ ಇಡೀ ಹಬ್ಬು ಬಲಕ್ಕೆ ಸರಿದು ಸಾಲು ನೇರವಾಗುತ್ತದೆ. ಆಗ ರಿಮ್ಮು ಫ್ರೇಮಿನ ನಡುವಿನಿಂದ ಬಲಕ್ಕೆ ಹೋಗಿರುತ್ತದೆ; ಎಡಬದಿಯ ಸ್ಪೋಕು ಬಿಗಿದು, ಬಲಬದಿಯದನ್ನು ಸಡಿಲಿಸಿ ಅದನ್ನು ಮತ್ತೆ ನಡುವಿಗೆ ತರಬೇಕು. ಬೆಂಡ್ ತೆಗೆಯುವ ಕೆಲಸ ಬಲ್ಲ ಒಬ್ಬರ ಕೈಯಿಂದ ಇದನ್ನು ಮಾಡಿಸಿ, ಕೊಟ್ಟ ಕೂಲಿ ವ್ಯರ್ಥವಲ್ಲ. ಏಳು ಗೇರಿನ ಚಕ್ರದಲ್ಲಿ ಬಲಬದಿಯ ಸ್ಪೋಕುಗಳು ಬಹಳ ಬಿಗಿ, ಎಡಬದಿಯವು ಸಡಿಲ. ಈ ತಿದ್ದುಪಡಿಯಿಂದ ಎರಡೂ ಬದಿ ಸಮಕ್ಕೆ ಹತ್ತಿರ ಬಂದು ಚಕ್ರ ಮೊದಲಿಗಿಂತ ಗಟ್ಟಿಯಾಗುತ್ತದೆ. ಹಗುರವೂ ಆಗಿ ಗಟ್ಟಿಯೂ ಆಗುವ ಮಾರ್ಪಾಡು ಸೈಕಲ್ಲಿನಲ್ಲಿ ಅಪರೂಪ, ಅದಕ್ಕಾಗಿಯೇ ಒಂಟಿ ಗೇರಿನ ಸೈಕಲ್ಲು ನನಗೆ ಅಚ್ಚುಮೆಚ್ಚು.

ಚೈನು ಹೊಸದನ್ನೇ ತನ್ನಿ. ಕರಿ ಸೈಕಲ್ಲಿನ ಅಗಲ ಚೈನು ತೆಳು ಹಲ್ಲಿನ ಮೇಲೂ ದಪ್ಪ ಹಲ್ಲಿನ ಮೇಲೂ ಓಡುತ್ತದೆ, ಗೇರಿನ ತೆಳು ಚೈನು ದಪ್ಪ ಹಲ್ಲಿಗೆ ಇಳಿಯುವುದಿಲ್ಲ. ನಿಮ್ಮ ಓರೆ ಸೀಳಿನಲ್ಲಿ ಆಕ್ಸೆಲ್ಲನ್ನು ಹಿಂದಕ್ಕೆ ಎಳೆದು ಚೈನು ಬಿಗಿಮಾಡಿ, ನಡುವೆ ಬೆರಳಿನಿಂದ ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ಆಡುವಂತೆ ಬಿಡಿ.

ಪ್ರಶ್ನೆ (ಜಮಖಂಡಿ):
ಕಾಕಾ ಅವರಿಗೆ ನಮಸ್ಕಾರ. ನನ್ನ ಅಲ್ಯೂಮಿನಿಯಂ ಫ್ರೇಮಿನಲ್ಲಿ ಆಕ್ಸೆಲ್ ಕೂರುವ ಸೀಳು ನೇರ ಕೆಳಕ್ಕೆ ತೆರೆದಿದೆ. ಚಕ್ರವನ್ನು ಹಿಂದಕ್ಕೆ ಎಳೆಯಲು ಜಾಗವೇ ಇಲ್ಲ. ಚೈನಿನ ಉದ್ದವನ್ನು ಸರಿಯಾಗಿ ಹೊಂದಿಸಿಕೊಂಡರೆ ಸಾಕು ಎಂದು ಒಬ್ಬರು ಹೇಳಿದರು. ಅದು ನಿಜವೇ?

ಉತ್ತರ:
ಲೆಕ್ಕದ ಮಟ್ಟಿಗೆ ನಿಜ, ಬಳಕೆಯಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಚೈನಿನ ಒಂದು ಕೊಂಡಿ 12.7 ಮಿಲಿಮೀಟರು. ಒಳಕೊಂಡಿ, ಹೊರಕೊಂಡಿ ಜೋಡಿಯಾಗಿಯೇ ಇರಬೇಕಾದ್ದರಿಂದ ಉದ್ದವನ್ನು ಜೋಡಿ ಲೆಕ್ಕದಲ್ಲೇ ಬದಲಿಸಬೇಕು, ಆಗ ಆಕ್ಸೆಲ್ಲಿನ ಸ್ಥಾನ 12.7 ಮಿಲಿಮೀಟರು ಸರಿಯುತ್ತದೆ. ಮುಂದೆ ಅಥವಾ ಹಿಂದೆ ಒಂದು ಹಲ್ಲು ಬದಲಿಸಿದರೆ ಮೂರು ಮಿಲಿಮೀಟರಿನಷ್ಟು ಸರಿಯುತ್ತದೆ. ಹೀಗೆ ಹಲ್ಲುಗಳನ್ನು ಹೊಂದಿಸುತ್ತ ಹೋದರೆ ಯಾವುದೋ ಒಂದು ಜೋಡಿಯಲ್ಲಿ ಚೈನು ಸರಿಯಾಗಿ ಬಿಗಿಯಾದೀತು, ಆದರೆ ನಿಮಗೆ ಬೇಕಾದ ಗೇರು ಅದಾಗಿರಬೇಕೆಂದಿಲ್ಲ, ಚೈನು ಸವೆದು ಉದ್ದವಾದೊಡನೆ ಅದು ಮತ್ತೆ ಸಡಿಲವಾಗುತ್ತದೆ. ಹಿಂದಿನ ಹಳೆಯ ಡಿರೇಲರನ್ನು ಎಸೆಯಬೇಡಿ. ಶಿಫ್ಟರಿನ ಕೇಬಲ್ಲು ತೆಗೆದು, ಮಿತಿ ಕಾಯುವ ಸ್ಕ್ರೂಗಳಿಂದ ಅದರ ಪುಟ್ಟ ಗಾಲಿಗಳು ನಿಮ್ಮ ಒಂದೇ ಹಲ್ಲುಗಾಲಿಯ ಸಾಲಿಗೆ ಬರುವಂತೆ ಮಾಡಿ. ಸ್ಕ್ರೂ ಸಾಲದಿದ್ದರೆ ಗೇಣುದ್ದದ ಕೇಬಲ್ ತುಂಡನ್ನು ಅಲ್ಲೇ ಬಿಗಿದು ನಿಲ್ಲಿಸಿ. ಮುನ್ನೂರು ಗ್ರಾಂ ಉಳಿದುಕೊಳ್ಳುತ್ತದೆ, ಖರ್ಚು ಏನೂ ಇಲ್ಲ.

ಪ್ರಶ್ನೆ (ವಿಜಯಪುರ):
ನಮ್ಮ ಕಡೆ ಗುಡ್ಡವಿಲ್ಲ, ಎರೆಹೊಲದ ಬದುವಿನ ದಾರಿಯೇ ಹೆಚ್ಚು. ಹಗುರ ಟೈರು ಹಾಕಿದರೆ ಜಾಲಿ ಮುಳ್ಳಿಗೆ ತಡೆಯುತ್ತದೆಯೇ?

ಉತ್ತರ:
ತಡೆಯುವುದಿಲ್ಲ. ಮೊದಲ ಉತ್ತರದಲ್ಲಿ ನಾನು ಹೇಳಿದ್ದು ಬೆಳಗಾವಿಯ ಕೆಂಪು ಮಣ್ಣು, ಕಲ್ಲಿನ ದಾರಿಗೆ. ನಿಮ್ಮಲ್ಲಿ ದಪ್ಪ ಟೈರು, ಟೈರು ಮತ್ತು ಟ್ಯೂಬಿನ ನಡುವೆ ಮುಳ್ಳು ತಡೆಯುವ ಪಟ್ಟಿ ಇರಲಿ, ತೂಕವನ್ನು ಬೇರೆ ಕಡೆ ಇಳಿಸಿ. ದಾರಿ ಸಪಾಟಾಗಿರುವುದರಿಂದ 34 ಮತ್ತು 16 ಹಲ್ಲು ಹಾಕಬಹುದು, ಅದೇ 80 ಸುತ್ತಿನ ತುಳಿತಕ್ಕೆ 21 ಕಿಲೋಮೀಟರ್ ವೇಗ ಬರುತ್ತದೆ. ಮಳೆ ಬಿದ್ದ ಎರೆಮಣ್ಣು ಅಂಟಿಕೊಂಡು ಡಿರೇಲರನ್ನೇ ಹಿಡಿದು ಮುರಿಯುವುದು ನಿಮಗೆ ಗೊತ್ತಿರುವ ಸಂಗತಿ. ಒಂಟಿ ಗೇರಿಗೆ ಆ ಭಯವಿಲ್ಲ. ಆದರೆ ಟೈರು ಮತ್ತು ಫ್ರೇಮಿನ ನಡುವೆ ಸಾಕಷ್ಟು ಸಂದು ಇಲ್ಲದಿದ್ದರೆ ಚಕ್ರ ನಿಂತೇ ಬಿಡುತ್ತದೆ, ಆದ್ದರಿಂದ ಅಗಲದ ಆಸೆಗೆ ಬಿದ್ದು ಸಂದು ಮುಚ್ಚುವ ಟೈರು ಹಾಕಬೇಡಿ.

ಪ್ರಶ್ನೆ (ಬಾಗಲಕೋಟೆಯ ಒಬ್ಬ ತಾಯಿ):
ನನ್ನ ಮಗಳು ಸೈಕ್ಲಿಂಗ್ ತರಬೇತಿಗೆ ಹೋಗುತ್ತಾಳೆ. ಸ್ಪರ್ಧೆಗೂ ಇಂಥ ಸೈಕಲ್ ಆದೀತೇ?

ಉತ್ತರ:
ಅಭ್ಯಾಸಕ್ಕೆ ಬಹಳ ಒಳ್ಳೆಯದು ತಾಯಿ, ಒಂದೇ ಲಯದಲ್ಲಿ ದುಂಡಗೆ ತುಳಿಯುವುದನ್ನು ಅದು ಕಲಿಸುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಎಷ್ಟೋ ಸೈಕ್ಲಿಂಗ್ ಪಟುಗಳನ್ನು ಕೊಟ್ಟಿವೆ, ನಿಮ್ಮಲ್ಲಿ ತಿಳಿದ ಕೋಚ್‌ಗಳಿದ್ದಾರೆ. ಗೇರಿನ ಹಲ್ಲುಗಳನ್ನು ಅವರನ್ನು ಕೇಳಿಯೇ ಆರಿಸಿ. ಗೇರಿನ ಸೈಕಲ್ಲುಗಳ ನಡುವೆ ಸ್ಪರ್ಧಿಸುವಾಗ ಮಾತ್ರ ಒಂಟಿ ಗೇರು ಹಿಂದೆ ಬೀಳುತ್ತದೆ, ಇಳಿಜಾರಿನಲ್ಲಿ ತುಳಿಯಲು ಗೇರೇ ಉಳಿಯುವುದಿಲ್ಲ.

ಪ್ರಶ್ನೆ (ಬೆಳಗಾವಿಯ ವಿದ್ಯಾರ್ಥಿ):
ಸರ್, ಕೊನೆಯದಾಗಿ ಎರಡು ವಿಷಯ. ಷಾಕ್ ಅಬ್ಸಾರ್ಬರ್ ಫೋರ್ಕು ತೆಗೆದು ಸಾದಾ ಫೋರ್ಕು ಹಾಕಬಹುದೇ? ತೂಕ ಇಳಿಸಲು ಹಿಂದಿನ ಬ್ರೇಕು ತೆಗೆಯುವವರೂ ಇದ್ದಾರೆ, ಅದು ಸರಿಯೇ?

ಉತ್ತರ:
ಫೋರ್ಕಿನ ಬದಲಾವಣೆ ನಿಮ್ಮ ಸೈಕಲ್ಲಿಗೆ ಅತಿ ದೊಡ್ಡ ಲಾಭ ತರುತ್ತದೆ. ಅಗ್ಗದ ಷಾಕ್ ಫೋರ್ಕು ಎರಡೂವರೆ ಕಿಲೋ ಸುತ್ತಮುತ್ತ ಇರುತ್ತದೆ, ಉಕ್ಕಿನ ಸಾದಾ ಫೋರ್ಕು ಒಂದೂಕಾಲು ಕಿಲೋ ಒಳಗೇ. ಆ ಅಗ್ಗದ ಸ್ಪ್ರಿಂಗು ನೀವು ಎದ್ದು ನಿಂತು ತುಳಿದಾಗಲೆಲ್ಲ ಕುಸಿದು ನಿಮ್ಮ ಬಲವನ್ನು ನುಂಗುತ್ತದೆ. ಆದರೆ ಕರಿ ಸೈಕಲ್ಲಿನ ಫೋರ್ಕು ಬರುವುದಿಲ್ಲ, ಅದರ ಕಾಂಡದ ಅಳತೆ ಬೇರೆ. ಹಳೆಯ ಫೋರ್ಕಿನಲ್ಲಿ ಆಕ್ಸೆಲ್ಲಿನಿಂದ ಕಾಂಡದ ಬುಡದಲ್ಲಿ ಬೇರಿಂಗ್ ಕೂರುವ ಜಾಗದವರೆಗೆ ಅಳೆದು, ಸವಾರ ಕೂತಾಗ ಸ್ಪ್ರಿಂಗು ಕುಸಿಯುವಷ್ಟು ಕಳೆದು, ಆ ಉದ್ದಕ್ಕೆ ಸಮೀಪದ್ದನ್ನು ತನ್ನಿ. 20 ಮಿಲಿಮೀಟರು ಗಿಡ್ಡದಾದರೆ ಮುಂಭಾಗದ ಕೋನ ಸುಮಾರು ಒಂದು ಡಿಗ್ರಿ ಕಡಿದಾಗುತ್ತದೆ. ಅದಕ್ಕಿಂತ ಬಹಳ ಗಿಡ್ಡದ್ದು ಹಾಕಿದರೆ ಇಳಿಜಾರಿನಲ್ಲಿ ಸೈಕಲ್ಲು ಮುಂದಕ್ಕೆ ಎತ್ತಿಹಾಕುವಂತಿರುತ್ತದೆ. ವಿ-ಬ್ರೇಕಿನ ಗೂಟಗಳು ಇರುವ ಫೋರ್ಕನ್ನೇ ಕೇಳಿ.

ಬ್ರೇಕು ಎರಡೂ ಇರಲೇಬೇಕು. ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ 1970ರ ದಶಕದಲ್ಲಿ ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸುತ್ತಿದ್ದವರಿಂದಲೇ ಮೌಂಟೇನ್ ಬೈಕ್ ಹುಟ್ಟಿತು, ಆ ಸೈಕಲ್ಲುಗಳಲ್ಲಿ ಅನೇಕವು ನಿಮ್ಮದರಂತೆ ಒಂಟಿ ಗೇರಿನವು. 1976ರಲ್ಲಿ ಆರಂಭವಾದ ಅವರ ರಿಪ್ಯಾಕ್ ಸ್ಪರ್ಧೆಗೆ ಆ ಹೆಸರು ಬಂದದ್ದೇ, ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸು ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿದ್ದುದರಿಂದ. ಒಂದೇ ಬ್ರೇಕು ಉಳಿಸಿಕೊಂಡರೆ ಇಳಿಜಾರಿನ ಕಾವೆಲ್ಲ ಅದರ ಮೇಲೇ ಬೀಳುತ್ತದೆ. ಉಳಿದ ಹಣದಲ್ಲಿ ಹೊಸ ಬ್ರೇಕ್ ರಬ್ಬರು, ಹೊಸ ಕೇಬಲ್ಲು ಹಾಕಿಸಿ. ಮಳೆಗಾಲದ ಕೆಂಪು ಕೆಸರು ರಬ್ಬರನ್ನೂ ರಿಮ್ಮನ್ನೂ ಉಜ್ಜಿ ಸವೆಸುತ್ತದೆ, ತಿರುಗಿ ಬಂದಾಗಲೆಲ್ಲ ನೀರಿನಿಂದ ತೊಳೆಯಿರಿ. ಹ್ಯಾಂಡಲ್ಲು, ಕ್ರ್ಯಾಂಕು, ಫ್ರೇಮಿಗೆ ತೂಕ ಇಳಿಸಲೆಂದು ತೂತು ಕೊರೆಯಬೇಡಿ, ಹೆಸರಿಲ್ಲದ ತೀರ ಹಗುರ ಹ್ಯಾಂಡಲ್ಲನ್ನೂ ಕೊಳ್ಳಬೇಡಿ; ಒಂಟಿ ಗೇರಿನಲ್ಲಿ ಏರು ಹತ್ತುವವನು ಹ್ಯಾಂಡಲ್ಲನ್ನು ಮೈಭಾರ ಹಾಕಿ ಜಗ್ಗುತ್ತಾನೆ. ಮೊದಲ ಸವಾರಿ ಮುಗಿಸಿ ಬಂದೊಡನೆ ಹಿಂದಿನ ಆಕ್ಸೆಲ್ಲಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಚೈನಿನ ಬಿಗಿ ನೋಡಿ: ಹೊಸ ಫ್ರೀವೀಲ್ ತುಳಿತಕ್ಕೆ ಇನ್ನಷ್ಟು ಒಳಗೆ ಕೂತು ಸಾಲು ಕೊಂಚ ಬದಲಾಗಿರಬಹುದು.