ಐಆರ್‌ಕ್ಯು 16 ಅರ್ಧ ಗಂಟೆಯೊಳಗೆ ಬಂದ್: ಡ್ರೈವರ್ ಬರೆದವರು ಯಾರಾದರೂ ಇದ್ದೀರಾ?

ಹುಬ್ಬಳ್ಳಿ, ವಿದ್ಯಾನಗರದಿಂದ

ನಾವು ನಾಲ್ಕು ಜನ, ಫೈನಲ್ ಇಯರ್. ಪ್ರಾಜೆಕ್ಟಿಗೆ ಒಂದು ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದುಕೊಳ್ಳಬಹುದಾದ ಚಿಪ್) ಬೋರ್ಡನ್ನೇ ಪುಟ್ಟ ಗ್ರಾಫಿಕ್ಸ್ ಕಾರ್ಡ್ ಮಾಡಿದ್ದೇವೆ, ಅದರ ಲಿನಕ್ಸ್ ಡ್ರೈವರೂ ನಮ್ಮದೇ. ಕಾರ್ಡು ಎರಡೇ ಕಾರಣಕ್ಕೆ ಇಂಟರಪ್ಟ್, ಅಂದರೆ ಸಿಪಿಯುಗೆ 'ಇತ್ತ ನೋಡು' ಅನ್ನುವ ಸಂಕೇತ, ಕೊಡುತ್ತದೆ. ಒಂದು ವಿಬ್ಲಾಂಕ್, ಅಂದರೆ ಪರದೆಯ ಒಂದು ಫ್ರೇಮ್ ಮುಗಿದಾಗ, ಸೆಕೆಂಡಿಗೆ 60 ಸಲ. ಇನ್ನೊಂದು, ಚಿತ್ರ ಬಿಡಿಸುವ ಕಮಾಂಡ್ ಮುಗಿದಾಗ. ಎಂಎಸ್‌ಐ (ಲೈನ್ ಬದಲು ಮೆಸೇಜಾಗಿ ಇಂಟರಪ್ಟ್ ಕಳಿಸುವ ರೀತಿ) ಇನ್ನೂ ಮಾಡಿಲ್ಲ, ಹಲವು ಕಾರ್ಡುಗಳು ಹಂಚಿಕೊಳ್ಳಬಹುದಾದ ಹಳೇ ಇಂಟ್‌ಎಕ್ಸ್ ಲೈನೇ, ನಮ್ಮದರ ನಂಬರು ಐಆರ್‌ಕ್ಯು 16.

ದಿನವಿಡೀ ತ್ರಿಕೋನ ಬಿಡಿಸುವ ಟೆಸ್ಟ್ ಓಡಿಸಿದರೂ ಏನೂ ಆಗುವುದಿಲ್ಲ. ಆದರೆ ಗಡಿಯಾರ ತೋರಿಸುವ ಪ್ರೋಗ್ರಾಂ ಒಂದನ್ನೇ ಬಿಟ್ಟು ಗಿರಮಿಟ್ ಚಹಾ ಅಂತ ಹೋಗಿ ಬಂದರೆ, ನುಣ್ಣಗೆ ತಿರುಗುತ್ತಿದ್ದ ಸೆಕೆಂಡ್ ಮುಳ್ಳು ಕುಂಟುತ್ತಿರುತ್ತದೆ. ಡಿಮೆಸೇಜ್, ಅಂದರೆ ಕರ್ನಲ್‌ನ (ಲಿನಕ್ಸಿನ ತಿರುಳಿನ) ಲಾಗ್, ನೋಡಿದರೆ 'ಐಆರ್‌ಕ್ಯು 16: ನೋಬಡಿ ಕೇರ್ಡ್' (ಯಾರೂ ವಿಚಾರಿಸಲಿಲ್ಲ), ಅದರ ಕೆಳಗೆ 'ಡಿಸೇಬ್ಲಿಂಗ್ ಐಆರ್‌ಕ್ಯು #16'. ಅದೇ ಮೆಸೇಜಿನಲ್ಲಿ ಐಆರ್‌ಕ್ಯುಪೋಲ್ ಹಾಕಿ ಬೂಟ್ ಮಾಡಿ ಅಂತಲೂ ಇದೆ, ಹಾಕಿದೆವು, ಉಪಯೋಗ ಆಗಲಿಲ್ಲ. ಮುಂದಿನ ವಾರ ಡೆಮೊ ಇದೆ. ತಲೆ ಕೆಟ್ಟಿದೆ. ಅನುಭವ ಇದ್ದವರು ಹೇಳಿ.

ಹಾವೇರಿಯಿಂದ

ಬೂಟ್ ಮಾಡುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳಲ್ಲಿ ನೋಐಆರ್‌ಕ್ಯುಡಿಬಗ್ ಅಂತ ಸೇರಿಸಿ. ಯಾರೂ ವಿಚಾರಿಸದ ಇಂಟರಪ್ಟಿನ ಲೆಕ್ಕ ಇಡುವುದನ್ನೇ ಕರ್ನಲ್ ಬಿಡುತ್ತದೆ, ಲೈನೂ ಬಂದ್ ಆಗುವುದಿಲ್ಲ. ನಾನು ಒಂದು ವರ್ಷ ಹಾಗೇ ಓಡಿಸಿದೆ, ಏನೂ ಆಗಲಿಲ್ಲ.

ಗದಗಿನಿಂದ

ಹಾವೇರಿಯವರೇ, ಸಿಟ್ಟಾಗಬೇಡಿ. ನಾಯಿ ಬೊಗಳುತ್ತದೆ ಅಂತ ಅದರ ಬಾಯಿ ಕಟ್ಟಿ ಮಲಗಿದ ಹಾಗಾಯಿತು ಅದು. ಡೆಮೊ ದಿನ ಬೇಕಾದರೆ ಮಾಡಿಕೊಳ್ಳಲಿ, ಆದರೆ ಈ ಹುಡುಗರು ಡ್ರೈವರ್ ಬರೆಯುತ್ತಿರುವವರು, ಬಳಸುವವರಲ್ಲ.

ತಮ್ಮಾ, ಮೊದಲು ಒಂದು ಮಾತು ಹೇಳು. ಡ್ರೈವರ್ ಲೋಡ್ ಮಾಡಿದ ಎಷ್ಟು ನಿಮಿಷಕ್ಕೆ ಇದು ಆಗುತ್ತದೆ? ನಾನು ಹೇಳಲಾ, 28 ನಿಮಿಷದ ಆಸುಪಾಸು. ಕರ್ನಲ್ ಒಂದು ಲೈನಿನಲ್ಲಿ ಬಂದ 1,00,000 ಇಂಟರಪ್ಟ್ ಎಣಿಸುತ್ತದೆ. ಅದರಲ್ಲಿ 99,900ಕ್ಕಿಂತ ಜಾಸ್ತಿ ಸಲ ಹ್ಯಾಂಡ್ಲರ್‌ಗಳೆಲ್ಲ (ಇಂಟರಪ್ಟ್ ಬಂದಾಗ ಓಡುವ ಡ್ರೈವರ್ ಫಂಕ್ಷನ್‌ಗಳು) 'ಇದು ನಂದಲ್ಲ' ಅಂದಿದ್ದರೆ, ಅಂದರೆ ಐಆರ್‌ಕ್ಯು_ನನ್ ಕೊಟ್ಟಿದ್ದರೆ, ಲೈನ್ ಬಂದ್. ಸೆಕೆಂಡಿಗೆ 60ರಂತೆ ಲಕ್ಷ ಆಗಲು 1667 ಸೆಕೆಂಡ್ ಬೇಕು, ಭಾಗಿಸಿ ನೋಡು. ಲೈನು ನಿಜವಾಗಿ ಅಂಟಿಕೊಂಡು ಕಿರುಚುತ್ತಿದ್ದರೆ ಲಕ್ಷ ಆಗಲು ಕೆಲವೇ ಸೆಕೆಂಡ್ ಸಾಕು, ನೀವು ಚಹಾ ಅಂಗಡಿ ಮುಟ್ಟುವುದೇ ಬೇಡ. ಅಂದಮೇಲೆ ನಿಮ್ಮ ಹಾರ್ಡ್‌ವೇರ್ ನೆಟ್ಟಗೇ ಇದೆ. ಪ್ರತಿ ವಿಬ್ಲಾಂಕನ್ನೂ ನಿಮ್ಮ ಹ್ಯಾಂಡ್ಲರ್ ಬರೋಬ್ಬರಿ ಕೆಲಸ ಮಾಡಿ, ಇಂಟರಪ್ಟ್ ಬಂದಿದೆ ಅಂತ ಕಾರ್ಡು ತೋರಿಸುವ ಸ್ಟೇಟಸ್ ಬಿಟ್ ಅಳಿಸಿ, ಕೊನೆಗೆ ಮಾತ್ರ 'ನಂದಲ್ಲ' ಅಂತ ಸುಳ್ಳು ಹೇಳುತ್ತಿದೆ.

ತ್ರಿಕೋನದ ಟೆಸ್ಟಿನಲ್ಲಿ ಯಾಕೆ ಆಗುವುದಿಲ್ಲ ಅನ್ನೋದೂ ಇದರಲ್ಲೇ ಇದೆ. ಕಮಾಂಡ್ ಮುಗಿದ ಇಂಟರಪ್ಟಿಗೆ ನೀವು ಐಆರ್‌ಕ್ಯು_ಹ್ಯಾಂಡಲ್ಡ್ ('ನಂದೇ') ಅಂತ ಸರಿಯಾಗಿಯೇ ಕೊಡುತ್ತಿರಬೇಕು. ಲಕ್ಷದಲ್ಲಿ ಅಂಥವು ಒಂದು ನೂರು ಬಂದರೆ ಸಾಕು, ಕರ್ನಲ್ ಸುಮ್ನಾಗುತ್ತದೆ, ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಗಡಿಯಾರದ ಪ್ರೋಗ್ರಾಂ ಬರೀ ಪೇಜ್ ಫ್ಲಿಪ್ (ಸಿದ್ಧವಾದ ಫ್ರೇಮನ್ನು ಪರದೆಗೆ ತರುವುದು) ಮಾಡುತ್ತದೆ, ಕಮಾಂಡ್ ಕಳಿಸುವುದೇ ಇಲ್ಲ ಅಲ್ವಾ?

ಇನ್ನು ಮುಳ್ಳು ಪೂರ್ತಿ ನಿಲ್ಲದೆ ಕುಂಟುವುದು ಯಾಕೆ ಅಂದರೆ, ಹಂಚಿಕೊಳ್ಳುವ ಲೈನನ್ನು ಹೀಗೆ ಬಂದ್ ಮಾಡಿದ ಮೇಲೆ ಕರ್ನಲ್ ಸೆಕೆಂಡಿಗೆ ಹತ್ತು ಸಲ ತಾನೇ ಹೋಗಿ ಹ್ಯಾಂಡ್ಲರನ್ನು ಕರೆದು ಬರುತ್ತದೆ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದು ಎಣಿಸಿ, ಸೆಕೆಂಡಿಗೆ ಹತ್ತು ಜಿಗಿತ ಇರುತ್ತದೆ.

28 ನಿಮಿಷ ಕಾಯುವುದೂ ಬೇಡ. ಪ್ರಾಕ್ ಫೋಲ್ಡರ್ ಒಳಗೆ ಐಆರ್‌ಕ್ಯು, ಅದರೊಳಗೆ 16, ಅಲ್ಲಿ ಸ್ಪೂರಿಯಸ್ ಅಂತ ಒಂದು ಫೈಲ್ ಇರುತ್ತದೆ. ಮೂರೇ ಸಾಲು. ಕೌಂಟ್ (ಬಂದ ಇಂಟರಪ್ಟ್) ಮತ್ತು ಅನ್‌ಹ್ಯಾಂಡಲ್ಡ್ ('ನಂದಲ್ಲ' ಅಂದವು) ಎರಡೂ ಒಂದು ನಿಮಿಷಕ್ಕೆ 3600ರಂತೆ ಜೋಡಿಯಾಗಿ ಏರಿದರೆ ನಾನು ಹೇಳಿದ್ದೇ ಖರೇ. ಆಮೇಲೆ, ಸರಿಮಾಡುವ ಭರದಲ್ಲಿ ಯಾವಾಗಲೂ ಹ್ಯಾಂಡಲ್ಡ್ ಅಂತ ರಿಟರ್ನ್ ಮಾಡಿಬಿಡಬೇಡಿ. ಬೇರೆ ಯಂತ್ರದಲ್ಲಿ ಅದೇ ಲೈನಿನ ಮೇಲೆ ಇನ್ನೊಂದು ಕಾರ್ಡ್ ಇದ್ದರೆ ಅದರ ತಪ್ಪೂ ನಿಮ್ಮ ಸುಳ್ಳಿನ ಹಿಂದೆ ಮುಚ್ಚಿಹೋಗುತ್ತದೆ. ಸ್ಟೇಟಸ್ ರಿಜಿಸ್ಟರಿನಲ್ಲಿ ನಿಮ್ಮ ಬಿಟ್ ಇದ್ದರೆ ಮಾತ್ರ ಹೌದು ಅನ್ನಿ. ಎಲ್ಲ ಬಿಟ್ಟೂ 1 ಅಂತ ಓದಿಸಿದರೆ ಅದು ಇಂಟರಪ್ಟೇ ಅಲ್ಲ, ಕಾರ್ಡ್ ಮಲಗಿದೆ ಅಥವಾ ಬಸ್ಸಿನ ಮೇಲೆ ಇಲ್ಲ.

ಧಾರವಾಡದಿಂದ

ಗದಗಿನವರು ಹೇಳಿದ್ದಕ್ಕೆ ನನ್ನ ಎರಡು ಏಟು ಸೇರಿಸುತ್ತೇನೆ, ಎರಡೂ ನಾನೇ ತಿಂದದ್ದು.

ಒಮ್ಮೆ ನನ್ನ ಡಿಸ್‌ಪ್ಲೇ ಕಾರ್ಡಿನ ಡ್ರೈವರನ್ನು ಆರ್‌ಎಂಮಾಡ್ ಮಾಡಿದ (ಕರ್ನಲ್‌ನಿಂದ ತೆಗೆದ) ಕೂಡಲೇ ಕೀಬೋರ್ಡ್ ಸತ್ತಿತು, ಅದರ ಯುಎಸ್‌ಬಿಯೂ ಕಾರ್ಡಿನ ಲೈನಿನ ಮೇಲೇ ಇತ್ತು. ಅದೇ 'ನೋಬಡಿ ಕೇರ್ಡ್' ಲಾಗಿನಲ್ಲಿ ಹ್ಯಾಂಡ್ಲರ್ ಅಂತ ಯುಎಸ್‌ಬಿಯ ಹೆಸರು ಒಂದೇ ಇತ್ತು. ಅದನ್ನೇ ನಂಬಿ ಹೊಸ ಕೀಬೋರ್ಡ್ ತಂದೆ, ಅದೂ ಸತ್ತಿತು. ಆ ಪಟ್ಟಿಯಲ್ಲಿ ಇರುವುದು ಲೈನಿನ ಮೇಲೆ ಇನ್ನೂ ಉಳಿದವರ ಹೆಸರು, ಗಲಾಟೆ ಮಾಡಿದವರದ್ದಲ್ಲ. ಚಾಳಿನ ಮನೆಗಳಿಗೆಲ್ಲ ಒಂದೇ ಕರೆಗಂಟೆ ಇದ್ದ ಹಾಗೆ, ಅದನ್ನು ಒತ್ತಿದವನು ಓಡಿಹೋಗಿದ್ದಾನೆ, ಬಾಗಿಲು ತೆಗೆದವನು ಸಿಕ್ಕಿಬಿದ್ದ. ಕೊನೆಗೆ ಬೇರೆ ಯಂತ್ರದಿಂದ ಒಳಗೆ ಹೋಗಿ ಎಲ್‌ಎಸ್‌ಪಿಸಿಐಗೆ (ಕಾರ್ಡುಗಳ ಪಟ್ಟಿ ತೋರಿಸುವ ಕಮಾಂಡ್) ಎರಡು ವಿ ಹಾಕಿ ನೋಡಿದೆ. ನನ್ನ ಕಾರ್ಡಿನ ಸ್ಟೇಟಸ್ ಸಾಲಿನ ಕೊನೆಗೆ ಇಂಟ್‌ಎಕ್ಸ್ ಮುಂದೆ ಪ್ಲಸ್ ಇತ್ತು, ಉಳಿದವಕ್ಕೆಲ್ಲ ಮೈನಸ್. ಅಂದರೆ ಲೈನನ್ನು ಹಿಡಿದು ಕೂತಿದ್ದು ಅದೇ. ಕಾರ್ಡಿನ ಇಂಟರಪ್ಟ್ ಮಾಸ್ಕ್ ಮಾಡದೇ (ಆಫ್ ಮಾಡದೇ) ಫ್ರೀ_ಐಆರ್‌ಕ್ಯು ಕರೆದು ಹ್ಯಾಂಡ್ಲರ್ ತೆಗೆದಿದ್ದೆ. ಇದು ನನ್ನಂಥ ಹವ್ಯಾಸಿಗಳಿಗೆ ಮಾತ್ರ ಆಗುವಂಥದ್ದೂ ಅಲ್ಲ. ಕೆಲವು ಬಯೋಸ್‌ಗಳು ಇಂಟೆಲ್ ಗ್ರಾಫಿಕ್ಸಿನ ಇಂಟರಪ್ಟನ್ನು ಆನ್ ಬಿಟ್ಟೇ ಕೈತೊಳೆದುಕೊಳ್ಳುತ್ತಿದ್ದವು, ಐ915 (ಅದರ ಲಿನಕ್ಸ್ ಡ್ರೈವರ್) ಲೋಡ್ ಆಗದಿದ್ದರೆ ಇದೇ ಗತಿ. ಅದನ್ನು ಬೂಟಿನಲ್ಲೇ ಆಫ್ ಮಾಡಲು ಕರ್ನಲ್‌ನ ಪಿಸಿಐ ಕ್ವರ್ಕ್‌ಗಳಲ್ಲಿ (ಹಾರ್ಡ್‌ವೇರಿನ ತಪ್ಪು ಸರಿದೂಗಿಸುವ ಕೋಡು) ಒಂದು ಸಣ್ಣ ಫಂಕ್ಷನ್ನೇ ಇದೆ.

ಎರಡನೆಯದು ಇನ್ನೂ ಸೂಕ್ಷ್ಮ. ಸ್ಪೂರಿಯಸ್ ಫೈಲಿನಲ್ಲಿ ಕೌಂಟ್ ಸೆಕೆಂಡಿಗೆ 60 ಅಲ್ಲ, 120 ಏರುತ್ತಿತ್ತು. ಅರ್ಧ ಅನ್‌ಹ್ಯಾಂಡಲ್ಡ್. ಕರ್ನಲ್ ಬೈಯಲೂ ಇಲ್ಲ, ಅರ್ಧಕ್ಕೆ ಅದು ಬೈಯುವುದಿಲ್ಲ. ಆಗಿದ್ದೇನೆಂದರೆ, ಬಿಟ್ ಅಳಿಸಲು ಬರೆದದ್ದು ಪಿಸಿಐ ದಾರಿಯಲ್ಲಿ ಇನ್ನೂ ಹೋಗುತ್ತಿರುವಾಗಲೇ ಹ್ಯಾಂಡ್ಲರ್ ಮುಗಿದುಹೋಗುತ್ತಿತ್ತು. ಲೈನ್ ಇನ್ನೂ ಇಳಿದಿರುವುದಿಲ್ಲ, ಮತ್ತೆ ಕರೆ ಬರುತ್ತದೆ, ಆಗ ನೋಡಿದರೆ ಸ್ಟೇಟಸ್ ಸೊನ್ನೆ. ಬರೆದ ಮೇಲೆ ಅದೇ ಕಾರ್ಡಿನ ಒಂದು ರಿಜಿಸ್ಟರನ್ನು ಓದಿದರೆ ಸಾಕು, ಓದು ಮುಗಿಯಬೇಕಾದರೆ ಮುಂಚಿನ ಬರಹ ಮುಟ್ಟಿರಲೇಬೇಕು.

ಹುಬ್ಬಳ್ಳಿ, ವಿದ್ಯಾನಗರದಿಂದ

ಗದಗಿನ ಅಣ್ಣಾ, ನಮಸ್ಕಾರ. 27 ನಿಮಿಷ, 50 ಸೆಕೆಂಡ್. ಸ್ಟಾಪ್‌ವಾಚ್ ಹಿಡಿದು ನಾಲ್ಕೂ ಜನ ಕೂತಿದ್ದೆವು. ವಿಡಿಯೋದಲ್ಲಿ ಹತ್ತು ಜಿಗಿತವೂ ಸಿಕ್ಕಿತು.

ತಪ್ಪು ಎಲ್ಲಿತ್ತು ಅಂದರೆ, ಮೊದಲು ಕಮಾಂಡ್ ಇಂಟರಪ್ಟ್ ಒಂದೇ ಇತ್ತು, ಅದರ ಇಫ್ ಒಳಗೆ ರಿಟರ್ನ್ ವೇರಿಯಬಲ್ಲನ್ನು ಹ್ಯಾಂಡಲ್ಡ್ ಮಾಡಿದ್ದೆವು. ತಿಂಗಳಾದ ಮೇಲೆ ನಾನು ವಿಬ್ಲಾಂಕಿನ ಇಫ್ ಸೇರಿಸಿದೆ, ಆ ಒಂದು ಸಾಲು ಹಾಕಲಿಲ್ಲ. ಈಗ ಹಾಕಿ, ರಾತ್ರಿಯೆಲ್ಲ ಗಡಿಯಾರ ಓಡಿಸಿ, ಬೆಳಿಗ್ಗೆ ನೋಡಿದರೆ ಅನ್‌ಹ್ಯಾಂಡಲ್ಡ್ ಸೊನ್ನೆ.

ಧಾರವಾಡದ ಸರ್, ನಮ್ಮ ಯಂತ್ರದಲ್ಲಿ 16ರ ಮೇಲೆ ನಮ್ಮ ಡ್ರೈವರ್ ಒಂದೇ ಇತ್ತು, ಅದಕ್ಕೇ ಮಾಸ್ಕ್ ಮಾಡದಿದ್ದದ್ದು ಗೊತ್ತಾಗಿರಲಿಲ್ಲ, ಅದನ್ನೂ ತಿದ್ದಿದೆವು. ಕೌಂಟ್ ಮಾತ್ರ 60ರಂತೆಯೇ ಏರುತ್ತಿದೆ, 120 ಇಲ್ಲ. ಯಾಕೆ ಅಂತ ಹುಡುಕಿದರೆ, ಬಿಟ್ ಅಳಿಸಿದ ಕೆಳಗೆ ಒಂದು ರಿಜಿಸ್ಟರ್ ಓದುವ ಸಾಲು ಮೊದಲೇ ಇದೆ, ಯಾವುದೋ ಉದಾಹರಣೆ ಕೋಡಿನಿಂದ ಕಾಪಿ ಆಗಿ ಬಂದದ್ದು. ಓದಿದ ಬೆಲೆಯನ್ನು ಎಲ್ಲೂ ಬಳಸಿಲ್ಲ, ಬೇಡದ ಸಾಲು ಅಂತ ನಮ್ಮ ಗೆಳೆಯ ನಿನ್ನೆಯೇ ಅದನ್ನು ಅಳಿಸಲು ಹೊರಟಿದ್ದ.