ನಿತ್ಯದ ಅಡುಗೆಗೆ ಯಾವ ಡಿಜಿಟಲ್ ಟೈಮರ್ ಒಳ್ಳೆಯದು? ಬಳಸಿದವರ ಅನುಭವಗಳು

ಕೇಳಿದವರು: ಗೃಹಿಣಿ, ಕಲಬುರಗಿ

ನಮ್ಮದು ತುಂಬಿದ ಮನೆ. ಬೆಳಿಗ್ಗೆ ಒಂದು ಒಲೆಯ ಮೇಲೆ ತೊಗರಿ ಬೇಳೆಯ ಕುಕ್ಕರ್ ಇದ್ದರೆ ಇನ್ನೊಂದರ ಮೇಲೆ ರೊಟ್ಟಿಯ ಹಂಚು ಇರುತ್ತದೆ. ನಡುವೆ ಮಕ್ಕಳ ಡಬ್ಬಿ ಕಟ್ಟಬೇಕು, ನಳಕ್ಕೆ ನೀರು ಬಂದರೆ ತುಂಬಿಕೊಳ್ಳಬೇಕು. ಇಷ್ಟರಲ್ಲಿ ಎಷ್ಟು ಸೀಟಿ ಆದವೆಂದು ಯಾರನ್ನು ಕೇಳಿದರೂ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಮೊಬೈಲಿನಲ್ಲಿ ಟೈಮರ್ ಇದೆಯಾದರೂ ಹಿಟ್ಟಿನ ಕೈಯಿಂದ ಅದನ್ನು ಮುಟ್ಟಲಾಗುವುದಿಲ್ಲ. ಮೇಲಾಗಿ ಮಧ್ಯಾಹ್ನದ ಅಡುಗೆ ನೋಡಿಕೊಳ್ಳುವವರು ನಮ್ಮ ಅತ್ತೆಯವರು. ಅವರ ಬಳಿ ಸ್ಮಾರ್ಟ್‌ಫೋನ್ ಇಲ್ಲ, ಕಿವಿಯೂ ತುಸು ಮಂದ. ಅಡುಗೆಮನೆಗೆಂದೇ ಇರುವ ಸಣ್ಣ ಡಿಜಿಟಲ್ ಟೈಮರ್ ಒಂದನ್ನು ಕೊಳ್ಳೋಣವೆಂದರೆ ನೂರೆಂಟು ಬಗೆಗಳು ಕಾಣಿಸುತ್ತಿವೆ. ಕೊಳ್ಳುವಾಗ ಏನನ್ನು ನೋಡಬೇಕು, ಯಾವುದಕ್ಕೆ ಹೆಚ್ಚು ಹಣ ಕೊಡುವುದು ದಂಡ ಎಂಬುದನ್ನು ಬಳಸುತ್ತಿರುವವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ರೊಟ್ಟಿ ಮಾಡಿ ಮಾರುವವರು, ಕಲಬುರಗಿ

ತಂಗಿ, ನಾನು ಮನೆಯಲ್ಲಿಯೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಅಂಗಡಿಗಳಿಗೆ ಕೊಡುತ್ತೇನೆ. ಒಲೆಯ ಮುಂದೆ ಕುಳಿತರೆ ತಾಸುಗಟ್ಟಲೆ ಏಳುವುದಿಲ್ಲವಾದ್ದರಿಂದ ನನ್ನ ಮೊದಲ ಮಾತು ಗುಂಡಿಗಳ ಬಗ್ಗೆ. ಬಿಸಿನೀರಿನಲ್ಲಿ ನಾದಿದ ಜೋಳದ ಹಿಟ್ಟು ಬೆರಳಿಗೆ ಮೆತ್ತಿಕೊಂಡು ಒಣಗಿದರೆ ಅಂಟಿನಷ್ಟು ಗಟ್ಟಿಯಾಗುತ್ತದೆ; ಅದೇ ಬೆರಳಿನಿಂದ ಟೈಮರ್ ಒತ್ತಿದಾಗ ಹಿಟ್ಟು ಗುಂಡಿಯ ಸುತ್ತಲಿನ ಸಂದಿಗೆ ಇಳಿದು ಕೂರುತ್ತದೆ, ಕೆಲವು ತಿಂಗಳಲ್ಲಿ ಗುಂಡಿ ಒತ್ತಿದರೆ ಮೇಲೆ ಬರುವುದಿಲ್ಲ, ಇಲ್ಲವೇ ಒಮ್ಮೆ ಒತ್ತಿದ್ದಕ್ಕೆ ಎರಡು ನಿಮಿಷ ಏರುತ್ತದೆ. ಆದ್ದರಿಂದ ದೊಡ್ಡ ಗುಂಡಿಗಳಿರುವ, ಗುಂಡಿಯ ಸುತ್ತ ಸಂದಿ ಕಡಿಮೆಯಿರುವ, ಒದ್ದೆ ಬಟ್ಟೆಯಿಂದ ಒರೆಸಲು ಬರುವಂಥದ್ದನ್ನು ಆರಿಸಿರಿ. ಮುಟ್ಟಿದರೆ ಸಾಕು ಎನ್ನುವ ಟಚ್ ಬಗೆಯದು ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಒದ್ದೆ ಕೈಗೆ ಮಾತ್ರ ಮಾತು ಕೇಳುವುದಿಲ್ಲ.

ಕಡಿಮೆ ಬೆಲೆಯ ಟೈಮರುಗಳಲ್ಲಿ ಸಾಮಾನ್ಯವಾಗಿ ಮೂರೇ ಗುಂಡಿಗಳಿರುತ್ತವೆ: ನಿಮಿಷ, ಸೆಕೆಂಡು, ಮತ್ತು ಶುರು ಮಾಡಿ ನಿಲ್ಲಿಸುವುದು. ನಿಮಿಷ ಮತ್ತು ಸೆಕೆಂಡಿನ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಎಲ್ಲವೂ ಸೊನ್ನೆಗೆ ಬರುತ್ತದೆ. ಇಂಥವುಗಳಲ್ಲಿ ಹೆಚ್ಚಿನವುಗಳಲ್ಲಿ ಸಮಯ ಇಡುವಾಗ ಗುಂಡಿ ಒತ್ತಿದರೆ ಅಂಕಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹತ್ತು ನಿಮಿಷಕ್ಕೆ ನಿಲ್ಲಿಸಬೇಕಾದಲ್ಲಿ ಹನ್ನೆರಡಕ್ಕೆ ಹೋದರೆ ಅಳಿಸಿ ಮತ್ತೆ ಮೊದಲಿನಿಂದ ಒತ್ತಬೇಕು. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳಿರುವ ಮಾದರಿಯಲ್ಲಿ ಈ ತಾಪತ್ರಯವಿಲ್ಲವಾದರೂ ಅದರ ಗುಂಡಿಗಳು ಬಲು ಸಣ್ಣವು. ನನಗೆ ಹಿಡಿಸಿದ್ದು ಮುಖದ ಸುತ್ತಲಿನ ಬಳೆಯನ್ನು ತಿರುಗಿಸಿ ಸಮಯ ಇಡುವ ಡಿಜಿಟಲ್ ಟೈಮರ್. ಮುಂಗೈಯಿಂದಲೂ ತಿರುಗಿಸಬಹುದು, ಹೆಚ್ಚಾದರೆ ಹಿಂದಕ್ಕೂ ತಿರುಗಿಸಬಹುದು. ಬೆಲೆ ತುಸು ಹೆಚ್ಚು, ಆದರೆ ಈ ಹೆಚ್ಚಿಗೆ ಬೆಲೆ ದಂಡವಲ್ಲ.

ಇನ್ನೊಂದು ಗುಣವನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿರಿ. ಹತ್ತು ಸೆಕೆಂಡು ಇಟ್ಟು, ಕೂಗಿದ ಮೇಲೆ ನಿಲ್ಲಿಸಿದರೆ ಮೊದಲು ಇಟ್ಟಿದ್ದ ಹತ್ತೇ ಮತ್ತೆ ಪರದೆಯ ಮೇಲೆ ಬರಬೇಕು. ದಿನವೂ ಅದೇ ಬೇಳೆ, ಅದೇ ಕುಕ್ಕರ್ ಇರುವ ಮನೆಯಲ್ಲಿ ಈ ನೆನಪು ಇದ್ದರೆ ಒಂದೇ ಗುಂಡಿಯಲ್ಲಿ ಕೆಲಸ ಮುಗಿಯುತ್ತದೆ, ನಿಮ್ಮ ಅತ್ತೆಯವರಿಗೂ ಕಲಿಸಿಕೊಡುವುದು ಸುಲಭ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಕಡೆಯ ಪಾತ್ರೆ ಅಂಗಡಿಗಳಲ್ಲಿ ಕೇಳಿ ನೋಡಿರಿ. ಸೆಲ್ ಹಾಕಿ ತೋರಿಸಲು ಒಪ್ಪದವರ ಬಳಿ ಕೊಳ್ಳಬೇಡಿರಿ.

ಉತ್ತರ: ನಿವೃತ್ತ ವಿಜ್ಞಾನ ಶಿಕ್ಷಕರು, ಬೀದರ್

ಮೇಲಿನ ಅಕ್ಕನವರು ಹೇಳಿದ ಗುಂಡಿಗಳ ವಿಚಾರವನ್ನು ಒಪ್ಪುತ್ತೇನೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ನಿರ್ಣಾಯಕವಾದುದು ಅತ್ತೆಯವರ ಕಿವಿ. ಈ ಪುಟ್ಟ ಸಾಧನಗಳೊಳಗಿನ ಸದ್ದಿನ ಬಿಲ್ಲೆ ಸಾಮಾನ್ಯವಾಗಿ ಸೆಕೆಂಡಿಗೆ 2000ದಿಂದ 4000 ಕಂಪನಗಳಷ್ಟು ಕೀರಲು ದನಿ ಹೊರಡಿಸುತ್ತದೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಇಂಥ ಏರುದನಿಗಳನ್ನೇ. ಮಾತು ಚೆನ್ನಾಗಿ ಕೇಳಿಸುವ ಹಿರಿಯರಿಗೂ ಟೈಮರಿನ ಕೀಚು ಕೇಳಿಸದಿರುವುದಕ್ಕೆ ಇದೇ ಕಾರಣ. ಆದ್ದರಿಂದ ಡಬ್ಬಿಯ ಮೇಲೆ ಬರೆದಿರುವ ಡೆಸಿಬಲ್ ಸಂಖ್ಯೆಯನ್ನು ನಂಬಿ ಕೊಳ್ಳಬೇಡಿರಿ. ಅದನ್ನು ಸದ್ದಿಲ್ಲದ ಕೋಣೆಯಲ್ಲಿ, ಹತ್ತಿರದಿಂದ ಅಳೆದಿರುತ್ತಾರೆ. ನಿಮ್ಮ ಮನೆಯಲ್ಲಾದರೋ ಮಿಕ್ಸರ್ ತಿರುಗುತ್ತಿರುತ್ತದೆ, ಹೊಗೆ ಎಳೆಯುವ ಫ್ಯಾನ್ ಓಡುತ್ತಿರುತ್ತದೆ, ಅತ್ತೆಯವರು ಪಡಸಾಲೆಯಲ್ಲಿ ಕುಳಿತು ಸೊಪ್ಪು ಸೋಸುತ್ತಿರುತ್ತಾರೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ನಡುವೆ ಗೋಡೆ, ಬಾಗಿಲುಗಳಿದ್ದರೆ ಇನ್ನಷ್ಟು.

ಸಾಧ್ಯವಾದರೆ ಅತ್ತೆಯವರನ್ನೇ ಅಂಗಡಿಗೆ ಕರೆದೊಯ್ದು, ಅವರು ಅಂಗಡಿಯ ಬಾಗಿಲಲ್ಲಿ ನಿಂತಿರುವಾಗ ಒಳಗೆ ಟೈಮರನ್ನು ಕೂಗಿಸಿರಿ. ಅವರು ತಿರುಗಿ ನೋಡಿದರೆ ಕೊಳ್ಳಿರಿ. ಆನ್‌ಲೈನಿನಲ್ಲಿ ತರಿಸುವುದಾದರೆ ಹಿಂದಿರುಗಿಸುವ ಅವಕಾಶವಿದೆಯೇ ಎಂದು ಮೊದಲೇ ನೋಡಿಕೊಂಡು, ಬಂದ ದಿನವೇ ಮಿಕ್ಸರ್ ಹಾಕಿ ಈ ಪರೀಕ್ಷೆಯನ್ನು ಮಾಡಿರಿ. ಯಾವ ದನಿಯೂ ಅವರಿಗೆ ಕೇಳಿಸದಿದ್ದಲ್ಲಿ ಕೂಗುವಾಗ ದೀಪ ಮಿನುಗುವ ಇಲ್ಲವೇ ನಡುಗುವ ಮಾದರಿಗಳೂ ಇವೆ. ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವಂಥ ಟೈಮರ್ ಇನ್ನೊಂದು ಕೋಣೆಗೆ ಹೋದಾಗಲೂ ಜೊತೆಗೇ ಇರುತ್ತದೆ.

ಎಷ್ಟು ಹೊತ್ತು ಕೂಗುತ್ತದೆ ಎಂಬುದನ್ನೂ ಕೇಳಬೇಕು. ಬಹಳಷ್ಟು ಅಗ್ಗದ ಟೈಮರುಗಳು ಒಂದು ನಿಮಿಷ ಕೂಗಿ ತಾವಾಗಿಯೇ ಸುಮ್ಮನಾಗುತ್ತವೆ. ಅಷ್ಟರಲ್ಲಿ ನೀವು ನಳದ ಬಳಿ ಇದ್ದರೆ ಸಮಯ ಮುಗಿದದ್ದೇ ತಿಳಿಯದು. ಕೆಲವು ಮಾದರಿಗಳು ಸೊನ್ನೆ ತಲುಪಿದ ಮೇಲೆ ಮೇಲ್ಮುಖವಾಗಿ ಎಣಿಸತೊಡಗುತ್ತವೆ. ತಡವಾಗಿ ಬಂದರೂ ಅನ್ನ ನಾಲ್ಕು ನಿಮಿಷ ಹೆಚ್ಚು ಬೆಂದಿದೆಯೋ ಹದಿನಾಲ್ಕು ನಿಮಿಷವೋ ಎಂಬುದು ಪರದೆ ನೋಡಿದರೆ ಗೊತ್ತಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಹಿಂಬದಿ ಬೆಳಕಿಗಿಂತ ಉಪಯುಕ್ತವಾದ ಸೌಲಭ್ಯ.

ನಿಖರತೆಗಾಗಿ ಹೆಚ್ಚು ಹಣ ಕೊಡುವುದು ವ್ಯರ್ಥ. ಕೈಗಡಿಯಾರದಲ್ಲಿರುವಂತೆ ಇದರೊಳಗೂ ಸಾಮಾನ್ಯವಾಗಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಕ್ವಾರ್ಟ್ಜ್ ಹರಳಿರುತ್ತದೆ. ಇಡೀ ದಿನಕ್ಕೆ ಕೆಲವೇ ಸೆಕೆಂಡುಗಳ ವ್ಯತ್ಯಾಸ ಬಂದರೂ ಇಪ್ಪತ್ತು ನಿಮಿಷದ ಅಡುಗೆಗೆ ಅದು ಲೆಕ್ಕಕ್ಕಿಲ್ಲ. ಕೀಲಿ ತಿರುಗಿಸುವ ಹಳೆಯ ಮಾದರಿಯ ಟೈಮರುಗಳಲ್ಲಿ ಮಾತ್ರ ಎರಡು ಮೂರು ನಿಮಿಷದಷ್ಟು ಸಣ್ಣ ಅವಧಿಯನ್ನು ಸರಿಯಾಗಿ ಇಡಲು ಬರುವುದಿಲ್ಲ.

ನಮ್ಮ ಬೇಸಿಗೆಗೆ ಸಂಬಂಧಿಸಿದ ಒಂದು ಮಾತಿದೆ. ಬೀದರ್ ಎತ್ತರದ ಊರಾದ್ದರಿಂದ ತುಸು ವಾಸಿ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಇಂಥ ಸಾಧನಗಳನ್ನು ಸಾಮಾನ್ಯವಾಗಿ 50 ಡಿಗ್ರಿಯವರೆಗಿನ ಉಷ್ಣತೆಗೆ ತಯಾರಿಸಿರುತ್ತಾರೆ. ಒಲೆಯ ಪಕ್ಕದಲ್ಲಿಟ್ಟರೆ ಆ ಮಿತಿ ದಾಟಿ ಪರದೆ ಪೂರ್ತಿ ಕಪ್ಪಾಗುವುದುಂಟು. ತಣ್ಣಗಾದ ಮೇಲೆ ಅಂಕಿಗಳು ಮರಳಿ ಕಾಣಿಸುತ್ತವೆಯಾದರೂ ಪದೇ ಪದೇ ಹಾಗಾದರೆ ಪರದೆ ಬಾಳುವುದಿಲ್ಲ. ಒಲೆಯಿಂದ ಒಂದು ಮಾರು ದೂರ, ಕುಕ್ಕರಿನ ಹಬೆ ಬಡಿಯದ ಜಾಗದಲ್ಲಿ ಇಡಿರಿ.

ಉತ್ತರ: ಎರಡು ಮಕ್ಕಳ ತಂದೆ, ಯಾದಗಿರಿ

ಸೆಲ್ಲಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಟಿವಿ ರಿಮೋಟಿಗೆ ಹಾಕುವ ಸಣ್ಣ ಪೆನ್ಸಿಲ್ ಸೆಲ್, ಅಂದರೆ ಟ್ರಿಪಲ್ ಎ, ಬಳಸುವ ಟೈಮರನ್ನೇ ಕೊಳ್ಳಿರಿ. ಅದು ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಎಲ್‌ಆರ್44, ಸಿಆರ್2032 ಮುಂತಾದ ಬಟನ್ ಸೆಲ್‌ಗಳಿಗಾಗಿ ನಮ್ಮಂಥ ಊರಿನಲ್ಲಿ ಗಡಿಯಾರದ ಅಂಗಡಿ ಹುಡುಕಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಮಕ್ಕಳದು. ಮಗು ಬಟನ್ ಸೆಲ್ ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನೊಳಗೆ ಒಳಗೋಡೆಯನ್ನು ಸುಡಬಲ್ಲದು, ಅದರಲ್ಲೂ ಲಿಥಿಯಂ ಬಿಲ್ಲೆ ಹೆಚ್ಚು ಅಪಾಯಕಾರಿ. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಟೈಮರ್ ನೆಲಕ್ಕೆ ಬಿದ್ದಾಗ ಹಿಂಬದಿಯ ಮುಚ್ಚಳ ಹಾರಿ ಸೆಲ್ ಉರುಳಿ ಹೋಗುವುದನ್ನು ನಾನು ಕಂಡಿದ್ದೇನೆ. ಬಟನ್ ಸೆಲ್ಲಿನದೇ ಕೊಳ್ಳುವ ಅನಿವಾರ್ಯವಿದ್ದರೆ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಬಹಳ ದಿನ ಬಳಸದೆ ಇಡುವಾಗ ಯಾವ ಸೆಲ್ಲೇ ಆದರೂ ತೆಗೆದಿಡಿರಿ, ಸೋರಿದರೆ ಒಳಗಿನ ತಂತಿ ತುಕ್ಕು ಹಿಡಿಯುತ್ತದೆ.

ಉತ್ತರ: ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿ, ಕಲಬುರಗಿ

ನನ್ನ ಅಭಿಪ್ರಾಯ ಬೇರೆ. ಮೊಬೈಲಿನಲ್ಲಿ ಅನ್ನಕ್ಕೊಂದು, ಬೇಳೆಗೊಂದು, ತತ್ತಿಗೊಂದು ಎಂದು ಹೆಸರು ಕೊಟ್ಟು ಹಲವು ಟೈಮರುಗಳನ್ನು ಒಟ್ಟಿಗೇ ಇಡಬಹುದು. ಇಂಡಕ್ಷನ್ ಒಲೆಯಾದರೆ ಅದರದೇ ಟೈಮರ್ ಸಮಯ ಮುಗಿದಾಗ ಒಲೆಯನ್ನೇ ಆರಿಸುತ್ತದೆ. ಬೇರೆ ಸಾಧನಕ್ಕೆ ಇನ್ನೂರು ಮುನ್ನೂರು ರೂಪಾಯಿ ಏಕೆ ಎಂಬುದು ನನ್ನ ಪ್ರಶ್ನೆ.

ಉತ್ತರ: ನಿವೃತ್ತ ವಿಜ್ಞಾನ ಶಿಕ್ಷಕರು, ಬೀದರ್

ಒಬ್ಬರೇ ಇರುವ ಕೋಣೆಗೆ ನಿಮ್ಮ ಮಾತು ಸರಿ, ತಮ್ಮಾ. ಮನೆಯಲ್ಲಿ ಮೊಬೈಲ್ ಒಬ್ಬರ ಸ್ವತ್ತು. ಅದು ಮಾಲೀಕರ ಜೊತೆ ಕಚೇರಿಗೆ ಹೋಗುತ್ತದೆ, ಮಕ್ಕಳ ಕೈಗೆ ಹೋಗುತ್ತದೆ, ಚಾರ್ಜಿಗೆ ಇನ್ನೊಂದು ಕೋಣೆಗೆ ಹೋಗುತ್ತದೆ. ಗೋಡೆಯ ಟೈಮರ್ ಯಾರು ಒಲೆಯ ಮುಂದಿದ್ದರೆ ಅವರದು. ಇಂಡಕ್ಷನ್ ಟೈಮರಿನ ಅನುಕೂಲವನ್ನು ಅಲ್ಲಗಳೆಯಲಾಗದು, ಆದರೆ ನಡುವೆ ಕರೆಂಟು ಹೋದರೆ ಅಡುಗೆಯೂ ನಿಲ್ಲುತ್ತದೆ, ಬಹುತೇಕ ಒಲೆಗಳಲ್ಲಿ ಇಟ್ಟ ಸಮಯವೂ ಅಳಿಸಿಹೋಗುತ್ತದೆ.

ಕೇಳಿದವರು: ಗೃಹಿಣಿ, ಕಲಬುರಗಿ

ಎಲ್ಲರಿಗೂ ವಂದನೆಗಳು. ಇನ್ನು ಮೂರು ಸಂದೇಹಗಳು ಉಳಿದಿವೆ. ಎರಡು ಮೂರು ಸಮಯಗಳನ್ನು ಒಟ್ಟಿಗೆ ಇಡುವ ಟೈಮರ್ ಬೇಕೇ? ನಮ್ಮ ಅಡುಗೆಕಟ್ಟೆ ಶಹಾಬಾದ್ ಕಲ್ಲಿನದು, ಫ್ರಿಜ್ಜಿನ ಬಾಗಿಲು ಗಾಜಿನದು. ಅಯಸ್ಕಾಂತವಿರುವ ಟೈಮರನ್ನು ಎಲ್ಲಿ ಅಂಟಿಸುವುದು? ಕೊನೆಯದಾಗಿ, ಸೀಟಿಯ ಲೆಕ್ಕವನ್ನು ನಿಮಿಷಕ್ಕೆ ಬದಲಾಯಿಸುವುದು ಹೇಗೆ?

ಉತ್ತರ: ರೊಟ್ಟಿ ಮಾಡಿ ಮಾರುವವರು, ಕಲಬುರಗಿ

ದಿನದ ಅಡುಗೆಗೆ ಒಂದೇ ಸಮಯದ್ದು ಸಾಕು. ಎಳ್ಳಮಾವಾಸ್ಯೆಗೆ ಒಂದೆಡೆ ಭಜ್ಜಿ, ಇನ್ನೊಂದೆಡೆ ಕಡುಬು, ಮತ್ತೊಂದೆಡೆ ಹೋಳಿಗೆಯ ಹೂರಣಕ್ಕೆ ಕಡಲೆ ಬೇಳೆ ಎಂದು ಒಲೆಗಳೆಲ್ಲ ತುಂಬಿದಾಗ ಎರಡು ಸಮಯದ್ದು ಬೇಕೆನಿಸುತ್ತದೆ. ಹಾಗೆಂದು ಕೊಂಡರೆ ಎರಡಕ್ಕೂ ಬೇರೆ ಬೇರೆ ದನಿ ಇರಬೇಕು. ಒಂದೇ ದನಿಯಾದರೆ ಕೂಗಿದಾಗಲೆಲ್ಲ ಯಾವುದೆಂದು ಓಡಿಬಂದು ನೋಡುವ ಕೆಲಸ. ನನ್ನನ್ನು ಕೇಳಿದರೆ ಎರಡು ಅಗ್ಗದ ಟೈಮರುಗಳನ್ನು ಕೊಂಡು ಒಂದೊಂದನ್ನು ಆಯಾ ಒಲೆಯ ಕಡೆಗೆ ಇಡುವುದೇ ಸರಳ. ಹಾಗೆಯೇ ಬಹಳಷ್ಟು ಸಾದಾ ಮಾದರಿಗಳು 99 ನಿಮಿಷ 59 ಸೆಕೆಂಡಿಗೆ ಮುಗಿಯುತ್ತವೆ. ಕಾಳು ನೆನೆಸುವುದಕ್ಕೆ, ಮೊಸರು ಹೆಪ್ಪಾಗುವುದಕ್ಕೆ ತಾಸುಗಳ ಲೆಕ್ಕ ಬೇಕಾದರೆ ಗಂಟೆಯ ಅಂಕಿಯೂ ಇರುವುದನ್ನು ಕೊಳ್ಳಬೇಕು, ಇಲ್ಲವೇ ಅಂಥದ್ದಕ್ಕೆ ಗೋಡೆಯ ಗಡಿಯಾರವೇ ಸಾಕು.

ಅಯಸ್ಕಾಂತ ಕಲ್ಲಿಗೂ ಗಾಜಿಗೂ ಹಿಡಿಯದು. ಒಳ್ಳೆಯ ಸ್ಟೀಲಿನ ಡಬ್ಬಿ, ಸ್ಟ್ಯಾಂಡುಗಳಲ್ಲಿ ಹಲವಕ್ಕೂ ಹಿಡಿಯುವುದಿಲ್ಲ. ಫ್ರಿಜ್ಜಿನ ಪಕ್ಕದ ತಗಡಿಗೆ ಅಂಟಿಸಿ ನೋಡಿರಿ. ಅದೂ ಆಗದಿದ್ದರೆ ಹಿಂದೆ ಕಾಲು ಇರುವ, ಕಟ್ಟೆಯ ಮೇಲೆ ಓರೆಯಾಗಿ ನಿಲ್ಲುವ ಮಾದರಿಯನ್ನು ಆರಿಸಿರಿ, ಅಥವಾ ಮೊಳೆಗೆ ನೇತುಹಾಕಲು ತೂತಿರುವುದನ್ನು. ನೇರವಾಗಿ ಕಣ್ಣಿನ ಮಟ್ಟಕ್ಕಿರಲಿ. ಕೆಳಗಿನಿಂದಲೋ ಪಕ್ಕದಿಂದಲೋ ನೋಡಿದರೆ ಇವುಗಳ ಅಂಕಿಗಳು ಮಸುಕಾಗುತ್ತವೆ.

ಸೀಟಿಯ ಲೆಕ್ಕ ಉರಿಯ ಮೇಲೆ ನಿಂತಿದೆ. ದೊಡ್ಡ ಉರಿಯಲ್ಲಿ ಐದು ಸೀಟಿ ಬೇಗ ಮುಗಿಯುತ್ತವೆ, ಬೇಳೆ ಬೆಂದಿರುವುದಿಲ್ಲ. ಸಣ್ಣ ಉರಿಯಲ್ಲಿ ಸೀಟಿಯೇ ಬಾರದೆ ಬೇಳೆ ಬೆಂದು ಹೋಗಿರುತ್ತದೆ. ನೀವು ಹೀಗೆ ಮಾಡಿರಿ. ಬೇಳೆಯನ್ನು ಅರ್ಧ ತಾಸು ನೆನೆಸಿ ಕುಕ್ಕರಿಗೆ ಹಾಕಿ, ದೊಡ್ಡ ಉರಿಯಲ್ಲಿ ಮೊದಲ ಸೀಟಿ ಬರುವವರೆಗೆ ಟೈಮರ್ ಮುಟ್ಟಬೇಡಿರಿ. ಸೀಟಿ ಬಂದ ಕೂಡಲೇ ಉರಿ ಸಣ್ಣದು ಮಾಡಿ ಎಂಟು ನಿಮಿಷ ಇಡಿರಿ. ಕೂಗಿದ ಮೇಲೆ ಒಲೆ ಆರಿಸಿ, ಹಬೆ ತಾನಾಗಿ ಇಳಿಯಲು ಬಿಟ್ಟು ಆಮೇಲೆ ಮುಚ್ಚಳ ತೆಗೆಯಿರಿ. ಬೇಳೆ ಬೆರಳಿನಲ್ಲಿ ಒತ್ತಿದರೆ ನುಣ್ಣಗಾಗದಿದ್ದರೆ ಮರುದಿನ ಎರಡು ನಿಮಿಷ ಏರಿಸಿರಿ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ಕಲಬುರಗಿ ತೊಗರಿಯೇ ಆಗಿದ್ದರೂ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತಡವಾಗಿ ಬೇಯುತ್ತದೆ, ಏಕೆಂದರೆ ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ವರ್ಷದ ಹಳೆಯ ಬೇಳೆಯೂ ಹಾಗೆಯೇ. ನಿಮ್ಮ ಮನೆಯ ನೀರಿಗೆ ಸರಿಹೊಂದುವ ನಿಮಿಷ ಸಿಕ್ಕಿದ ಮೇಲೆ ಅದನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಟೈಮರಿನ ಬೆನ್ನಿಗೆ ಅಂಟಿಸಿರಿ, ಅತ್ತೆಯವರು ಯಾರನ್ನೂ ಕೇಳಬೇಕಾಗುವುದಿಲ್ಲ. ಹೊಸ ಚೀಲ ಒಡೆದಾಗ ಮೊದಲ ದಿನ ಮಾತ್ರ ನೀವೇ ನಿಂತು ನೋಡಿಕೊಳ್ಳಿರಿ.