ಉತ್ತರ ಇಟಲಿ 9 ದಿನ: ಮೊಟ್ಟೆಯೂ ತಿನ್ನದ ಹಿರಿಯರ ಜೊತೆ ಯಾವ ಊರು, ಎಲ್ಲಿ ಊಟ?

ಬದಿಯಡ್ಕ_ಪಯಣ:
ಅಕ್ಟೋಬರ್ ಮೊದಲ ವಾರ ಮಿಲಾನಿಗೆ ಇಳಿದು ಅಲ್ಲಿಂದಲೇ ಹಿಂದಿರುಗುವ ಟಿಕೆಟು ಆಗಿದೆ. ನಾಲ್ಕು ಜನ. ಅಪ್ಪನಿಗೆ 71, ಅಮ್ಮನಿಗೆ 66. ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಇಬ್ಬರೂ ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವವರಲ್ಲ. ಹಾಕಿಕೊಂಡ ಲೆಕ್ಕ: ಮಿಲಾನ್ 2 ರಾತ್ರಿ, ವೆರೋನಾ 1, ವೆನಿಸ್ 2, ಪಾದುವಾ 1, ಬೊಲೊನ್ಯಾ 1, ರಾವೆನ್ನಾ 1. ರೈಲಿನಲ್ಲೇ ಓಡಾಟ. ಇದು ಆಗುವ ಹೋಗುವ ಮಾತಾ? ಮುಂಚೆಯೇ ಬುಕ್ ಮಾಡಲೇಬೇಕಾದ್ದು ಯಾವುದು? ಊಟಕ್ಕೆ ಏನು ಕೇಳಬೇಕು, ಏನು ಬಿಡಬೇಕು?

ಪೆರ್ಲ_ಪ್ಯಾಸೆಂಜರ್:
ಎಂಟು ರಾತ್ರಿಗೆ ಆರು ಹೋಟೆಲು ಬೇಡ. ಪ್ರತಿ ಸಲ ಪೆಟ್ಟಿಗೆ ಕಟ್ಟಿ, ಬೆಳಿಗ್ಗೆ ರೂಮು ಬಿಟ್ಟು, ಮಧ್ಯಾಹ್ನ ಮೂರರವರೆಗೆ ಹೊಸ ರೂಮಿಗೆ ಕಾಯುವುದರಲ್ಲೇ ಅರ್ಧ ದಿನ ಹೋಗ್ತದೆ. ಮೂರೇ ನೆಲೆ ಇಟ್ಟುಕೊಳ್ಳಿ: ಬೊಲೊನ್ಯಾ 4, ಪಾದುವಾ 3, ಕೊನೆಗೆ ಮಿಲಾನ್ 1. ಮಿಲಾನಿನಿಂದ ಬೊಲೊನ್ಯಾಕ್ಕೆ ವೇಗದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಇಳಿದ ದಿನವೇ ಹೋಗಬಹುದು. ಬೊಲೊನ್ಯಾದಿಂದ ಮೊದೆನಾ ಮತ್ತು ಫೆರಾರಾ ತಲಾ ಅರ್ಧ ಗಂಟೆ, ರಾವೆನ್ನಾ ಒಂದೂಕಾಲು ಗಂಟೆ. ಪಾದುವಾದಿಂದ ವೆನಿಸ್ ಅರ್ಧ ಗಂಟೆ, ಹೋಟೆಲ್ ದರವೂ ವೆನಿಸ್‌ಗಿಂತ ಎಷ್ಟೋ ಕಡಿಮೆ. ವೆರೋನಾ ಪಾದುವಾ–ಮಿಲಾನ್ ದಾರಿಯಲ್ಲೇ ಸಿಗ್ತದೆ. ಪೋರ್ತಾ ನುವೋವಾ ಸ್ಟೇಷನ್ನಿನಲ್ಲಿ ಸಾಮಾನು ಇಟ್ಟು ನಾಲ್ಕೈದು ಗಂಟೆ ನೋಡಿ ಮುಂದೆ ಹೋಗಿ.

ರೈಲಿನಲ್ಲಿ ಎರಡು ಜಾತಿ. ಫ್ರೆಚ್ಚಾ, ಇತಾಲೋ ಎಂಬ ವೇಗದ ರೈಲಿಗೆ ಸೀಟು ನಂಬರು ಉಂಟು, ದಿನ ಹತ್ತಿರ ಬಂದಂತೆ ದರ ಏರ್ತದೆ. ಇವನ್ನು ಈಗಲೇ ತೆಗೆದಿಡಿ. ರೆಜೊನಾಲೆ ಅಂದರೆ ನಮ್ಮ ಕಾಸರಗೋಡು–ಮಂಗಳೂರು ಪ್ಯಾಸೆಂಜರಿನ ಹಾಗೆ: ಸೀಟು ನಂಬರಿಲ್ಲ, ಇಂದು ತೆಗೆದರೂ ತಿಂಗಳ ಹಿಂದೆ ತೆಗೆದರೂ ದರ ಒಂದೇ. ಹೆಚ್ಚಿನವರು ದಂಡ ಕಟ್ಟುವುದು ಇಲ್ಲಿಯೇ. ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಬಳಿಯ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಆ ಹೊತ್ತಿನಿಂದ 4 ಗಂಟೆ ಚಾಲ್ತಿ. ಫೋನಿನ ಟಿಕೆಟಾದರೆ ಹತ್ತುವ ಮುಂಚೆ ಚೆಕ್-ಇನ್ ಒತ್ತಬೇಕು. ದುಡ್ಡು ಕೊಟ್ಟದ್ದಾದರೂ ಮುದ್ರೆ ಇಲ್ಲದ ಟಿಕೆಟು ಅವರ ಲೆಕ್ಕದಲ್ಲಿ ಇನ್ನೂ ಬಳಸದ ಟಿಕೆಟು, ಅದಕ್ಕೇ ದಂಡ.

ಬೊಲೊನ್ಯಾ ಸ್ಟೇಷನ್ನಿನಲ್ಲಿ ಬೋರ್ಡನ್ನು ಪೂರ್ತಿ ಓದಿ. 3 ಬೇರೆ, 3 ಓವೆಸ್ಟ್ ಬೇರೆ. ಓವೆಸ್ಟ್ ಅಂದರೆ ಪಶ್ಚಿಮ, ಎಸ್ಟ್ ಅಂದರೆ ಪೂರ್ವ, ಎರಡೂ ಸ್ಟೇಷನ್ನಿನ ತುದಿಗಳಲ್ಲಿ ಉಂಟು. 16ರಿಂದ 19ರವರೆಗಿನ ವೇಗದ ರೈಲಿನ ಪ್ಲಾಟ್‌ಫಾರ್ಮುಗಳು ನೆಲದಡಿ ಬಹಳ ಆಳದಲ್ಲಿವೆ. ಹಿರಿಯರ ಜೊತೆ ಲಿಫ್ಟ್ ಹುಡುಕಿ ಇಳಿಯಲು 15 ನಿಮಿಷ ಕೈಯಲ್ಲಿರಲಿ.

ಮುಷ್ಕರ ಅಲ್ಲಿ ಮಾಮೂಲು, ಆದರೆ ಮುಂಚೆಯೇ ಹೇಳಿಯೇ ಮಾಡ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6–9, ಸಂಜೆ 6–9ಕ್ಕೆ ಅಗತ್ಯದ ರೆಜೊನಾಲೆ ಓಡಲೇಬೇಕೆಂಬ ನಿಯಮ ಉಂಟು.

ಕುಂಬಳೆ_ಕಡಲು:
ಬುಕಿಂಗ್ ಬಗ್ಗೆ ನಾನು ಹೇಳ್ತೇನೆ. ಮೂರಕ್ಕೆ ಮಾತ್ರ ತಲೆಬಿಸಿ ಮಾಡಿ.

ಒಂದು, ಮಿಲಾನಿನ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆಯಲ್ಲಿರುವ ಲಿಯೊನಾರ್ಡೊನ 'ಕೊನೆಯ ಭೋಜನ'. ಒಳಗೆ 15 ನಿಮಿಷ ಮಾತ್ರ, ಸೋಮವಾರ ರಜೆ, ಟಿಕೆಟು ಮೂರು ಮೂರು ತಿಂಗಳಿಗೆ ಬಿಡುಗಡೆ, ಬೇಗ ಮುಗೀತದೆ. ನಿಮ್ಮ ಮಿಲಾನ್ ದಿನ ಸೋಮವಾರ ಬೀಳದ ಹಾಗೆ ನೋಡಿಕೊಳ್ಳಿ. ಎರಡು, ಗೋಡೆಚಿತ್ರಗಳಿಗೆ ಹೆಸರಾದ ಪಾದುವಾದ ಸ್ಕ್ರೊವೆನ್ಯಿ ಚಾಪೆಲ್. ಮೊದಲು 15 ನಿಮಿಷ ಗಾಜಿನ ಕೋಣೆಯಲ್ಲಿ ಕೂರಿಸ್ತಾರೆ, ಹೊರಗಿನ ತೇವ, ಧೂಳು ಚಿತ್ರಗಳಿಗೆ ತಾಗದಿರಲಿ ಎಂದು. ಆಮೇಲೆ ಒಳಗೆ 15 ನಿಮಿಷ. ತಡವಾಗಿ ಹೋದರೆ ಆ ಸರದಿ ಹೋಯಿತೆಂದೇ ಲೆಕ್ಕ.

ಇವೆರಡನ್ನೂ ನೋಡುವವರು ಒಂದು ವಿಷಯ ಗಮನಿಸಿ. ಪಾದುವಾದ ಚಿತ್ರಗಳು ಸುಮಾರು 1305ರವು. ಚಿತ್ರಕಾರ ಜೊತ್ತೊ ಹಸಿ ಗಾರೆಯ ಮೇಲೆ ಬರೆದ, ಬಣ್ಣ ಸುಣ್ಣದೊಳಗೇ ಕಟ್ಟಿಕೊಂಡಿತು. ಲಿಯೊನಾರ್ಡೊ 1490ರ ದಶಕದಲ್ಲಿ ಒಣ ಗೋಡೆಯ ಮೇಲೆ ಬರೆದ. ನಿಧಾನವಾಗಿ ತಿದ್ದಿ ತೀಡಲು ಅನುಕೂಲವಾಯಿತು ನಿಜ, ಆದರೆ ಅವನ ಕಾಲದಲ್ಲೇ ಬಣ್ಣ ಏಳಲು ಶುರುವಾಯಿತು. ಇನ್ನೂರು ವರ್ಷ ಹಳೆಯದೇ ಹೆಚ್ಚು ಗಟ್ಟಿಯಾಗಿ ಉಳಿದಿದೆ.

ಮೂರು, ರಾವೆನ್ನಾದ ಗಲ್ಲಾ ಪ್ಲಾಚಿಡಿಯಾ ಸಮಾಧಿ. ಒಂದೇ ಟಿಕೆಟಿನಲ್ಲಿ 547ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಚರ್ಚೂ ಸೇರ್ತದೆ, ಆದರೆ ಸಮಾಧಿಗೆ ಪ್ರತ್ಯೇಕ ಹೊತ್ತು ಆರಿಸಬೇಕು. ಒಳಗೆ ಐದೇ ನಿಮಿಷ. ಕಿಟಕಿಗಳಿಗೆ ತೆಳ್ಳಗೆ ಸೀಳಿದ ಅಲಬಾಸ್ಟರ್ ಕಲ್ಲು ಹಾಕಿದ್ದಾರೆ, ಬೆಳಕು ಜೇನಿನ ಬಣ್ಣದಲ್ಲಿ ಮಂದವಾಗಿ ಬರ್ತದೆ. ಬಿಸಿಲಿನಿಂದ ಹೊಕ್ಕಾಗ ಕಣ್ಣಿಗೆ ಕತ್ತಲೆಯೇ. ಫೋನು ತೆಗೆಯದೆ ಒಂದು ನಿಮಿಷ ಸುಮ್ಮನೆ ನಿಲ್ಲಿ, ನೀಲಿ ಚಾವಣಿಯ ಬಂಗಾರದ ನಕ್ಷತ್ರಗಳು ಒಂದೊಂದಾಗಿ ಎದ್ದು ಬರ್ತವೆ.

ವೆನಿಸ್‌ಗೆ ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ 2024ರಿಂದ ಪ್ರವೇಶ ಶುಲ್ಕ ಉಂಟು. ಈವರೆಗೆ ಅದು ಏಪ್ರಿಲ್‌ನಿಂದ ಜುಲೈವರೆಗಿನ ನಿಗದಿತ ದಿನಗಳಿಗೆ ಮಾತ್ರ. ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಬೊಲೊನ್ಯಾದ ಅಸಿನೆಲ್ಲಿ ಗೋಪುರ ಹತ್ತುವ ಆಸೆ ಬಿಡಿ. ಪಕ್ಕದ ವಾಲಿದ ಗರಿಸೆಂಡಾ ಗೋಪುರದ ಅಪಾಯದಿಂದ 2023ರ ಅಕ್ಟೋಬರಿನಲ್ಲಿ ಎರಡಕ್ಕೂ ಬೇಲಿ ಬಿತ್ತು. ಹೇಗೂ 498 ಮೆಟ್ಟಿಲು, ನಿಮ್ಮ ಅಪ್ಪ ಅಮ್ಮನಿಗೆ ಹೇಳಿದ್ದಲ್ಲ.

ನೀರ್ಚಾಲು_ಅಡುಗೆಮನೆ:
ಊಟದ ಬಗ್ಗೆ ಸ್ವಲ್ಪ ಉದ್ದ ಬರೀತೇನೆ. ಇಟಲಿಯಲ್ಲಿ ಸಸ್ಯಾಹಾರ ಸುಲಭ ಎನ್ನುವುದು ಅರ್ಧ ಸತ್ಯ. ಕಣ್ಣಿಗೆ ಕಾಣುವ ಮಾಂಸ ಬಿಡುವುದು ಸುಲಭ. ಕಾಣದ್ದು ನಾಲ್ಕು: ಮೊಟ್ಟೆ, ಸಾರು, ಹಂದಿ ಕೊಬ್ಬು, ಚೀಸ್ ಮಾಡಲು ಹಾಲು ಹೆಪ್ಪುಗಟ್ಟಿಸುವ ರೆನ್ನೆಟ್.

ಮೊಟ್ಟೆ: ಬೊಲೊನ್ಯಾದ ಹಸಿ ಪಾಸ್ತಾ ಎಲ್ಲವೂ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆಯ ಲೆಕ್ಕ. ತಾಲ್ಯಾತೆಲ್ಲೆ, ಲಸಾನ್ಯಾ, ರಿಕೊತ್ತಾ ತುಂಬಿದ ತೊರ್ತೆಲ್ಲೋನಿ, ಫೆರಾರಾದ ಸಿಹಿಗುಂಬಳದ ಕಪ್ಪೆಲ್ಲಾಚ್ಚಿ ಎಲ್ಲ ಇದರಲ್ಲೇ ಬಂತು. "ಒಳಗೆ ಕುಂಬಳಕಾಯಿ ಮಾತ್ರ" ಎಂದು ನಂಬಿ ತಿನ್ನಬೇಡಿ. ಒಣ ಪಾಸ್ತಾ ಸಾಮಾನ್ಯವಾಗಿ ಗಟ್ಟಿ ಗೋಧಿಯ ರವೆ ಮತ್ತು ನೀರು ಮಾತ್ರ. ಸ್ಪಗೆತ್ತಿ ಅಲ್ ಪೊಮೊದೋರೊ, ಪೆನ್ನೆ ಅಲ್ಲರಬ್ಯಾತಾ ಕೇಳಿ, "ಪಾಸ್ತಾ ಸೆಂತ್ಸಾ ಉವೋವಾ?" (ಮೊಟ್ಟೆ ಇಲ್ಲದ ಪಾಸ್ತಾವಾ?) ಎಂದು ಖಚಿತ ಮಾಡಿಕೊಳ್ಳಿ.

ಸಾರು: ರಿಸೊತ್ತೊ ಅಕ್ಕಿಯದ್ದು ಎಂದು ನಮ್ಮವರು ಖುಷಿಯಿಂದ ಕೇಳ್ತಾರೆ. ಆದರೆ ಸೌಟು ಸೌಟಾಗಿ ಸಾರು ಹಾಕಿ ಬೇಯಿಸುವ ಅಡುಗೆ ಅದು, ಹೆಚ್ಚಿನ ಕಡೆ ದನದ ಅಥವಾ ಕೋಳಿಯ ಸಾರು. ಕೇಸರಿ ಹಾಕಿದ ಮಿಲಾನ್ ರಿಸೊತ್ತೊಕ್ಕೆ ಪದ್ಧತಿ ಪ್ರಕಾರ ಮೂಳೆಯ ಮಜ್ಜೆಯೂ ಬೀಳ್ತದೆ. "ಬ್ರೋದೊ ವೆಜೆತಾಲೆ?" (ತರಕಾರಿ ಸಾರಾ?) ಎಂದು ಕೇಳಿ, ಮಾಣಿ ಒಂದು ಕ್ಷಣ ಅನುಮಾನಿಸಿದರೂ ಬಿಡಿ. ಎಷ್ಟೋ ಕಡೆ ಅಕ್ಕಿಯನ್ನು ಮುಂಚೆಯೇ ಅರ್ಧ ಬೇಯಿಸಿಟ್ಟಿರ್ತಾರೆ, ಆಮೇಲೆ ಬದಲಾಯಿಸಲಿಕ್ಕೆ ಆಗುವುದಿಲ್ಲ. ಮಿನೆಸ್ತ್ರೋನೆ ಸೂಪಿನಲ್ಲಿ ಹಂದಿಮಾಂಸದ ಚೂರು ಇರಬಹುದು.

ಕೊಬ್ಬು: 'ಸ್ತ್ರುತ್ತೊ' ಎಂಬ ಪದ ಕಲಿತುಕೊಳ್ಳಿ, ಹಂದಿ ಕೊಬ್ಬು ಅಂತ ಅರ್ಥ. ರಾವೆನ್ನಾ ಕಡೆಯ ಪ್ಯಾದಿನಾ ನಮ್ಮ ದಪ್ಪ ಚಪಾತಿಯ ಹಾಗಿದೆ, ಹಿಟ್ಟಿಗೆ ಹಂದಿ ಕೊಬ್ಬು ಹಾಕಿ ನಾದುವುದು ಹಳೆ ಕ್ರಮ. ಆಲಿವ್ ಎಣ್ಣೆಯದ್ದೂ ಸಿಗ್ತದೆ, "ಅಲ್ಲೋಲ್ಯೊ, ಸೆಂತ್ಸಾ ಸ್ತ್ರುತ್ತೊ" ಅನ್ನಿ. ಫೆರಾರಾದ ತಿರುಚಿದ ಬ್ರೆಡ್ ಕೊಪ್ಯಾದಲ್ಲೂ ಕೊಬ್ಬು ಉಂಟು.

ರೆನ್ನೆಟ್: ಪಾರ್ಮಿಜಾನೊ-ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯ ರೆನ್ನೆಟ್ಟಿನಿಂದಲೇ ಹೆಪ್ಪುಗಟ್ಟಿಸಬೇಕು, ಅದು ಅದರ ಕಾನೂನು. ತುರಿದು ಮೇಲೆ ಉದುರಿಸಿಯೇ ತರ್ತಾರೆ, ಆರ್ಡರ್ ಕೊಡುವಾಗಲೇ "ಸೆಂತ್ಸಾ ಫೊರ್ಮಾಜ್ಜೊ" ಹೇಳಿ. ಅಂಗಡಿಯಲ್ಲಿ ಚೀಸ್ ಕೊಳ್ಳುವುದಾದರೆ ಪೊಟ್ಟಣದ ಮೇಲೆ 'ಕಾಲ್ಯೊ ವೆಜೆತಾಲೆ' (ಸಸ್ಯಮೂಲದ ರೆನ್ನೆಟ್) ಇರಲಿ.

ಹಾಗಾದರೆ ಧೈರ್ಯವಾಗಿ ತಿನ್ನುವುದೇನು? ಪಿಜ್ಜಾ ಮರಿನಾರಾ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಚೀಸೇ ಇಲ್ಲ. ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಅಣಬೆಯ ಜೊತೆ. ಕೊಂತೋರ್ನೊ ಎಂಬ ತಲೆಬರಹದಡಿ ಸುಟ್ಟ ಬದನೆ, ಬೇಯಿಸಿದ ಪಾಲಕ್, ಬೀನ್ಸ್. ಎರಡು ಮೂರು ತಟ್ಟೆ ತರಿಸಿದರೆ ಒಂದು ಊಟ.

ಹೊತ್ತು ತಪ್ಪಿದರೆ ಉಪವಾಸ. ಅಡುಗೆಮನೆ ಮಧ್ಯಾಹ್ನ 12.30ರಿಂದ 2.30, ರಾತ್ರಿ 7.30ರ ಮೇಲೆ. ಬಿಲ್ಲಿನಲ್ಲಿ 'ಕೊಪೆರ್ತೊ' ಎಂದು ತಲೆಗೆ ಎರಡು-ಮೂರು ಯೂರೊ ಕಂಡರೆ ಮೋಸ ಅಲ್ಲ, ಕೂತ ಜಾಗದ್ದು. ಮೇಲೆ ಟಿಪ್ಸ್ ಬೇಡ.

ಬದಿಯಡ್ಕ_ಪಯಣ:
ತುಂಬಾ ಉಪಕಾರ. ಬೊಲೊನ್ಯಾದಲ್ಲಿ ಅಡುಗೆಮನೆ ಇರುವ ಮನೆಯನ್ನೇ ತೆಗೆದುಕೊಳ್ಳುವ ಅಂತ. ಊರಿನಿಂದ ತುಪ್ಪ, ಕರಿಬೇವು, ಉಪ್ಪಿನಕಾಯಿ ಒಯ್ಯಬಹುದಾ ಅಕ್ಕ? ಕುಚ್ಚಲಕ್ಕಿ?

ನೀರ್ಚಾಲು_ಅಡುಗೆಮನೆ:
ತುಪ್ಪ ಬೇಡ. ಯೂರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ಯಾವುದನ್ನೂ ತರುವ ಹಾಗಿಲ್ಲ, ಪೇಡವೂ ಅದರಲ್ಲೇ ಬಂತು. ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಮನೆಯಲ್ಲೇ ಬಿಡಿ. ತೆಂಗಿನಕಾಯಿ, ಬಾಳೆಹಣ್ಣಿಗೆ ಆ ಪತ್ರದ ಅಗತ್ಯ ಇಲ್ಲ. ಮಿಡಿ ಉಪ್ಪಿನಕಾಯಿಯನ್ನು ಎರಡು ಪದರ ಕವರಿನಲ್ಲಿ ಕಟ್ಟಿ ಲಗೇಜಿಗೆ ಹಾಕಿ. ಅಕ್ಕಿ ಹೊರುವುದು ಬೇಡ: ಅಲ್ಲಿ 'ರೀಸೊ ಪಾರ್‌ಬಾಯಿಲ್ಡ್' ಎಲ್ಲ ಸೂಪರ್‌ಮಾರ್ಕೆಟಿನಲ್ಲಿ ಸಿಗ್ತದೆ. ಕುಚ್ಚಿದ ಅಕ್ಕಿಯೇ, ಪಾಲಿಶ್ ಆದದ್ದು, ಹುಡಿಹುಡಿ ಅನ್ನ ಆಗ್ತದೆ. ಕರ್ನರೋಲಿ, ಅರ್ಬೋರಿಯೊ ಎಂಬ ರಿಸೊತ್ತೊ ಅಕ್ಕಿ ತೆಗೆದರೆ ಮುದ್ದೆ. ಸಣ್ಣ ರೈಸ್ ಕುಕ್ಕರ್ ಒಯ್ದರೆ ವೋಲ್ಟೇಜ್ ನಮ್ಮದೇ 230, ಆದರೆ ನಮ್ಮ ದಪ್ಪ ಪಿನ್ನು ಹೋಗುವುದಿಲ್ಲ, ಅಡಾಪ್ಟರ್ ಬೇಕು.

ಪೆರ್ಲ_ಪ್ಯಾಸೆಂಜರ್:
ಮಳೆಯ ಚಿಂತೆ ಬೇಡ ಅಂತ ಹೇಳಲು ಮರೆತೆ. ಬೊಲೊನ್ಯಾದ ಹಳೆ ಪೇಟೆಯಲ್ಲಿ 38 ಕಿ.ಮೀ. ಉದ್ದಕ್ಕೂ ಕಂಬದ ಜಗಲಿಗಳೇ, ಕೊಡೆ ಬಿಡಿಸದೆ ನಡೆಯಬಹುದು. ಮತ್ತೆ, ಅಪ್ಪನನ್ನು ಒಂದು ದಿನ ಮಧ್ಯಾಹ್ನ ಸಾನ್ ಪೆತ್ರೋನಿಯೊ ಬಸಿಲಿಕಾಕ್ಕೆ ಕರೆದುಕೊಂಡು ಹೋಗಿ, ಒಳಗೆ ಬೆಂಚು ಉಂಟು. ಖಗೋಳ ವಿಜ್ಞಾನಿ ಕಸ್ಸೀನಿ 1655ರಲ್ಲಿ ಎಳೆದ, ಸೂರ್ಯನ ನಡುಹಗಲು ತೋರಿಸುವ ಮಧ್ಯಾಹ್ನರೇಖೆ ಎಡಗಡೆ ನೆಲದಲ್ಲಿ ಸುಮಾರು 67 ಮೀಟರ್ ಓಡ್ತದೆ. 27 ಮೀಟರ್ ಎತ್ತರದ ಚಾವಣಿಯಲ್ಲಿ 27 ಮಿಲಿಮೀಟರಿನ ತೂತು. ಬಿಸಿಲಿದ್ದರೆ ಅದರಿಂದ ಬಿದ್ದ ಬೆಳಕಿನ ಬಿಲ್ಲೆ ನೆಲದ ಮೇಲೆ ಹರಿದು ಬಂದು ರೇಖೆ ದಾಟ್ತದೆ. ಅದು ಗಡಿಯಾರದ 12ಕ್ಕಲ್ಲ: ಅಲ್ಲಿನ ಬೇಸಿಗೆ ಸಮಯದ ಲೆಕ್ಕದಲ್ಲಿ ಅಕ್ಟೋಬರ್ ಮೊದಲ ವಾರ 1 ಗಂಟೆ 4 ನಿಮಿಷದ ಆಚೀಚೆ. 12.50ಕ್ಕೆ ಹೋಗಿ ಕೂತಿರಿ. ಹೆಗಲು, ಮಂಡಿ ಮುಚ್ಚುವ ಬಟ್ಟೆ ಇರಲಿ.